ಕಪ್ಪು ಮಖಮಲ್ಲು ಮತ್ತು ನೆರಳಿನ ಅಂಚು: ಟೆಕ್ಸಸ್‌ನಲ್ಲಿ ಸೀನಿಯರ್ ಪೋರ್ಟ್ರೇಟ್ ತೆಗೆದ ನನ್ನ ಅನುಭವ

ಡಲ್ಲಾಸ್‌ನ ಉತ್ತರಕ್ಕಿರುವ ಫ್ರಿಸ್ಕೊ, ಪ್ಲೇನೊ, ಮೆಕಿನಿ ಊರುಗಳ ಹೈಸ್ಕೂಲು ಮಕ್ಕಳ ಸೀನಿಯರ್ ಪೋರ್ಟ್ರೇಟ್‌ಗಳನ್ನು ಕೆಲವು ಸೀಸನ್‌ಗಳಿಂದ ನಾನು ಮುಖಕ್ಕೆ ಫ್ಲ್ಯಾಶ್ ಹಾಕದೆ, ಹಗಲು ಮೂರು ಗಂಟೆಯ ಬಿಸಿಲು ಸುತ್ತ ಸುರಿಯುತ್ತಿರುವಾಗಲೇ, ನೆರಳಿನಲ್ಲಿ ನಿಲ್ಲಿಸಿ, ಕೆನ್ನೆಯ ಪಕ್ಕದಲ್ಲಿ ಕಪ್ಪು ಬಟ್ಟೆ ಹಿಡಿಸಿ ತೆಗೆಯುತ್ತಿದ್ದೇನೆ. ಇದನ್ನು ಆರಂಭಿಸಿದಾಗ ಇಲ್ಲಿನ ಛಾಯಾಗ್ರಾಹಕ ಗೆಳೆಯರಲ್ಲಿ ಒಬ್ಬರೂ ಒಪ್ಪಲಿಲ್ಲ. ಬೆಳಕು ಕೊಡುವುದಕ್ಕೆ ಗಿರಾಕಿ ಹಣ ಕೊಡುತ್ತಾನೆಯೇ ಹೊರತು ಇರುವ ಬೆಳಕನ್ನು ಕಿತ್ತುಕೊಳ್ಳುವುದಕ್ಕಲ್ಲ ಎಂದು ಒಬ್ಬರು ನೇರವಾಗಿಯೇ ಹೇಳಿದರು. ಅದೇ ಮಹನೀಯರು ಕಳೆದ ಅಕ್ಟೋಬರ್‌ನಲ್ಲಿ ಆ ಕಪ್ಪು ಬಟ್ಟೆ ಕಟ್ಟಿದ ನನ್ನ ಚೌಕಟ್ಟನ್ನು ಎರವಲು ಒಯ್ದು, ಅದರ ಅಳತೆ ತೆಗೆದುಕೊಂಡು ಹಿಂದಿರುಗಿಸಿದ್ದಾರೆ. ಆದ್ದರಿಂದ ಈಗ ವಿವರವಾಗಿ ಬರೆಯಬಹುದು ಎನಿಸಿದೆ.

ಊರಿನಲ್ಲಿರುವ ಓದುಗರಿಗಾಗಿ ಒಂದು ಮಾತು. ಇಲ್ಲಿ ಹನ್ನೆರಡನೆಯ ತರಗತಿಗೆ ಬಂದವರನ್ನು ಸೀನಿಯರ್ ಎನ್ನುತ್ತಾರೆ. ಇಯರ್‌ಬುಕ್ ಎಂಬ ಶಾಲೆಯ ವಾರ್ಷಿಕ ಪುಸ್ತಕಕ್ಕೆ ಬೇಕಾದ ಚಿತ್ರವನ್ನು ಸಾಮಾನ್ಯವಾಗಿ ಶಾಲೆಯೇ ಗೊತ್ತುಮಾಡಿದ ಸ್ಟುಡಿಯೊ ತೆಗೆಯುತ್ತದೆ. ಅದರ ಹೊರತಾಗಿ ಮನೆಯವರು ಬೇರೆಯಾಗಿ ಹೊರಾಂಗಣದಲ್ಲಿ ತೆಗೆಸುವ ಚಿತ್ರಗಳೇ ನಮ್ಮಂಥವರ ಕಸುಬು. ಆಗಸ್ಟ್‌ನಿಂದ ನವೆಂಬರ್‌ವರೆಗೆ ಒಂದು ಸುಗ್ಗಿ. ಮಾರ್ಚ್‌ನಿಂದ ಮೇ ತಿಂಗಳ ಪದವಿ ಸಮಾರಂಭದವರೆಗೆ, ಟೋಪಿ ಮತ್ತು ಗೌನಿನ ಚಿತ್ರಗಳಿಗಾಗಿ, ಇನ್ನೊಂದು.

ಮೊದಲು ನಾನೂ ಎಲ್ಲರಂತೆ ಫ್ಲ್ಯಾಶ್‌ನ ದಾರಿಯನ್ನೇ ಹಿಡಿದಿದ್ದೆ. 200 ವ್ಯಾಟ್-ಸೆಕೆಂಡಿನ ಬ್ಯಾಟರಿ ಫ್ಲ್ಯಾಶ್, ಅದರ ಬೆಳಕನ್ನು ಮೆದುವಾಗಿಸುವ ಮೂರು ಅಡಿಯ ಬಟ್ಟೆಯ ಗೂಡಾದ ಸಾಫ್ಟ್‌ಬಾಕ್ಸ್, ಗಟ್ಟಿ ಸ್ಟ್ಯಾಂಡ್, ಎರಡು ಮರಳಿನ ಚೀಲ ಎಲ್ಲ ಸೇರಿ ಸುಮಾರು 550 ಡಾಲರ್ ಆಗಿತ್ತು. ಲೆಕ್ಕ ಹೀಗೆ: ಬಿಸಿಲಿನಲ್ಲಿ ಐಎಸ್‌ಒ (ಸೆನ್ಸರಿನ ಸೂಕ್ಷ್ಮತೆ) 100 ಇಟ್ಟು, ಲೆನ್ಸಿನ ಕಂಡಿಯನ್ನು ಎಫ್ 2.8ಕ್ಕೆ ಅಗಲಿಸಿ ತೆಗೆಯಬೇಕಾದರೆ ಷಟರ್ ಸೆಕೆಂಡಿನ 1/3200ರ ಹತ್ತಿರ ಹೋಗುತ್ತದೆ. ಅಷ್ಟು ವೇಗದ ಷಟರಿಗೆ ಫ್ಲ್ಯಾಶನ್ನು ಹೊಂದಿಸುವ ಹೈಸ್ಪೀಡ್ ಸಿಂಕ್‌ಗೆ ಹೋದರೆ ಫ್ಲ್ಯಾಶ್‌ನ ಶಕ್ತಿ ಸೋರಿಹೋಗುತ್ತದೆ, ಸಾಫ್ಟ್‌ಬಾಕ್ಸನ್ನು ಮುಖಕ್ಕೆ ಮುಟ್ಟುವಷ್ಟು ಹತ್ತಿರ ತರಬೇಕಾಗುತ್ತದೆ. ಬೆಳಕನ್ನು ನಾಲ್ಕು ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾಗುತ್ತದೆ) ತಗ್ಗಿಸುವ ಎನ್‌ಡಿ ಎಂಬ ಕಪ್ಪು ಗಾಜಿನ ಫಿಲ್ಟರ್ ಹಾಕಿ 1/200ಕ್ಕೆ ಇಳಿದೆ. ಶಕ್ತಿಯ ಸಮಸ್ಯೆ ನೀಗಿತಾದರೂ ಆಗ ನನ್ನ ಬಳಿ ಇದ್ದ ಹಳೆಯ ಕ್ಯಾಮೆರಾದ ವ್ಯೂಫೈಂಡರ್ ಕತ್ತಲಾಗಿ, ಫೋಕಸ್ ಕಣ್ಣಿನ ಬದಲು ಕಿವಿಗೆ ಹೋಗತೊಡಗಿತು.

ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಗಾಳಿ. ಉತ್ತರ ಟೆಕ್ಸಸ್‌ನ ಬಯಲಿನಲ್ಲಿ ಮಧ್ಯಾಹ್ನದ ಮೇಲೆ ತೆಂಕಣ ಗಾಳಿ ಎದ್ದರೆ ಸಾಫ್ಟ್‌ಬಾಕ್ಸ್ ಹಡಗಿನ ಹಾಯಿಯಂತೆ ಉಬ್ಬುತ್ತದೆ. ಎರಡೂ ಮರಳಿನ ಚೀಲಗಳಿದ್ದಾಗಲೇ ಒಮ್ಮೆ ಸ್ಟ್ಯಾಂಡ್ ಮಗುಚಿ ಫ್ಲ್ಯಾಶ್‌ನ ಟ್ಯೂಬ್ ಒಡೆಯಿತು, ಸಾಫ್ಟ್‌ಬಾಕ್ಸಿನ ಕಡ್ಡಿ ಬಾಗಿತು. ಬದಲಿ ಭಾಗಗಳಿಗೆ ನೂರರ ಮೇಲೆ ಖರ್ಚು. ಅಂದಿನಿಂದ ಸ್ಟ್ಯಾಂಡ್ ಹಿಡಿಯಲು ಒಬ್ಬ ಕಾಲೇಜು ಹುಡುಗನನ್ನು ಇಟ್ಟುಕೊಂಡೆ. ಒಂದು ಸೆಷನ್‌ಗೆ ಅವನಿಗೆ 60 ಡಾಲರ್. ಫ್ಲ್ಯಾಶ್ ಬದಲು ಬಿಸಿಲನ್ನೇ ಮುಖಕ್ಕೆ ತಿರುಗಿಸುವ ಬೆಳ್ಳಿ ರಿಫ್ಲೆಕ್ಟರ್ ಹಿಡಿದರೆ ಮಕ್ಕಳು ಕಣ್ಣು ಕಿರಿದು ಮಾಡುತ್ತಿದ್ದರು. ಬಿಳಿಯದು ಹಿಡಿದರೆ ಬೆಳಕು ಮುಖದವರೆಗೆ ಬರುತ್ತಲೇ ಇರಲಿಲ್ಲ.

ಸಂಜೆಯ ಹೊಂಬೆಳಕಿಗೆ ಕಾಯುವುದು ಒಳ್ಳೆಯ ದಾರಿಯೇ. ಆದರೆ ಅದು ದುಬಾರಿಯಾದ ದಾರಿ. ಚೆಂದದ ಬೆಳಕು ಸಿಗುವುದು ಮುಕ್ಕಾಲು ಗಂಟೆ ಮಾತ್ರ. ಅಷ್ಟರಲ್ಲಿ ಎರಡು ಬಾರಿ ಬಟ್ಟೆ ಬದಲಾಯಿಸಬೇಕು, ಮನೆಯವರು ಟ್ರಾಫಿಕ್‌ನಲ್ಲಿ ಸಿಕ್ಕಿ ತಡವಾಗಿ ಬರುತ್ತಾರೆ. ನವೆಂಬರ್‌ನ ಮೊದಲ ಭಾನುವಾರ ಗಡಿಯಾರ ಹಿಂದಕ್ಕೆ ತಿರುಗಿದ ಮೇಲಂತೂ ಐದೂವರೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಹೀಗೆ ಶನಿವಾರಕ್ಕೆ ಒಂದು, ಭಾನುವಾರಕ್ಕೆ ಒಂದು ಎಂದು ಕೆಲಸ ಮಾಡಿದರೆ ಇಡೀ ಸುಗ್ಗಿಯ ಗಳಿಕೆ ಕ್ಯಾಮೆರಾದ ಕಂತಿಗೇ ಸಾಲದು. ಮಧ್ಯಾಹ್ನದ ಹೊತ್ತನ್ನು ಹಣವಾಗಿ ಮಾಡಿಕೊಳ್ಳುವುದು ಹೇಗೆ ಎಂಬ ಚಿಂತೆಯಿಂದಲೇ ಈ ಪದ್ಧತಿ ಹುಟ್ಟಿತು.

ದಟ್ಟ ಓಕ್ ಮರದ ಕೆಳಗೆ ಅಥವಾ ಕಟ್ಟಡದ ಉತ್ತರ ಮಗ್ಗುಲಿನಲ್ಲಿ ಬೆಳಕಿಗೆ ಬರವಿಲ್ಲ. ಐಎಸ್‌ಒ 200, ಎಫ್ 2.8, ಷಟರ್ 1/500ರ ಆಸುಪಾಸು ಸುಲಭವಾಗಿ ಸಿಗುತ್ತದೆ. ತೊಂದರೆ ಏನೆಂದರೆ ಆ ಬೆಳಕು ಎಲ್ಲ ಕಡೆಯಿಂದಲೂ ಒಂದೇ ಸಮನೆ ಬರುವುದರಿಂದ ಮೂಗು, ಕೆನ್ನೆ, ದವಡೆಗಳ ಏರಿಳಿತವೇ ಅಳಿಸಿಹೋಗುತ್ತದೆ. ಮೇಲಿನಿಂದ ಬೀಳುವ ಪಾಲು ಹೆಚ್ಚಾದಲ್ಲಿ ಕಣ್ಣಿನ ಗುಳಿ ಕಪ್ಪಾಗುತ್ತದೆ. ನಮ್ಮ ಮಕ್ಕಳ ಕಂದು ಮೈಬಣ್ಣದಲ್ಲಿ ಅದು ನಿದ್ದೆಗೆಟ್ಟವರ ಮುಖವಾಗಿ ಕಾಣುತ್ತದೆ. ಒಂದು ಮಗ್ಗುಲಿನಿಂದ ಬರುವ ಬೆಳಕನ್ನು ಕಪ್ಪು ಬಟ್ಟೆ ನುಂಗಿದರೆ ಮುಖದ ಆ ಅರ್ಧ ಸುಮಾರು ಒಂದು ಸ್ಟಾಪ್ ಕೆಳಗಿಳಿದು ಆಕಾರ ತಾನಾಗಿ ಮೂಡುತ್ತದೆ. ಸಿನಿಮಾದ ಲೈಟಿಂಗ್ ಮಾಡುವವರಿಗೆ ಇದು ಹಳೆಯ ವಿದ್ಯೆ. ಪೋರ್ಟ್ರೇಟ್ ತೆಗೆಯುವ ನಾವು ಮಾತ್ರ ಅದನ್ನು ಒಳಾಂಗಣದಲ್ಲಿ ಬಿಟ್ಟುಬಂದಿದ್ದೇವೆ.

ಬಟ್ಟೆ ಯಾವುದು ಎಂಬಲ್ಲಿಯೇ ಹೆಚ್ಚು ದುಡ್ಡು ಹೋಯಿತು. ಐದು ಬಣ್ಣದ ಮಡಚುವ ರಿಫ್ಲೆಕ್ಟರಿನ ಕಪ್ಪು ಹೊದಿಕೆ ಚಿಕ್ಕದು, ಜೊತೆಗೆ ಹೊಳೆಯುತ್ತದೆ. ಪಾಲಿಯೆಸ್ಟರ್ ಪರದೆಯೂ ಓರೆಯಾಗಿ ಹಿಡಿದಾಗ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಕಪ್ಪು ಕಾಟನ್ ಬೆಡ್‌ಶೀಟ್ ಮೊದಲಿಗೆ ಚೆನ್ನಾಗಿತ್ತು. ಇಲ್ಲಿನ ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ಬೂದಿಬಣ್ಣಕ್ಕೆ ತಿರುಗಿತು. ಕೊನೆಗೆ ನಿಂತದ್ದು ಪರದೆಗೆ ಬಳಸುವ ಮಂದನೆಯ ಮಖಮಲ್ಲು. ಅದಕ್ಕೆ ಐವತ್ತರ ಮೇಲೆ, ಪಿವಿಸಿ ಪೈಪಿಗೆ ಮತ್ತು ಕ್ಲಿಪ್ಪುಗಳಿಗೆ ಮೂವತ್ತರ ಹತ್ತಿರ. ಚೌಕಟ್ಟು ನಾಲ್ಕು ಅಡಿ ಅಗಲ, ಆರು ಅಡಿ ಎತ್ತರ. ಬಟ್ಟೆಯನ್ನು ಮೂರು ಬದಿಗೆ ಮಾತ್ರ ಬಿಗಿದು ಕೆಳಗಿನ ಅಂಚನ್ನು ಸಡಿಲ ಬಿಟ್ಟರೆ ಗಾಳಿ ಅಡಿಯಿಂದ ಹೊರಟುಹೋಗುತ್ತದೆ, ಚೌಕಟ್ಟು ಕೈಬಿಟ್ಟು ಹಾರುವುದಿಲ್ಲ. ಆಗಸ್ಟ್‌ನ ಸೆಖೆಯಲ್ಲಿ ಕಪ್ಪು ಮಖಮಲ್ಲು ಕಾದು, ಪಕ್ಕದಲ್ಲಿ ನಿಂತವರ ಕೆನ್ನೆಗೆ ಝಳ ತಾಗುತ್ತದೆ. ಆದ್ದರಿಂದ ಬೆನ್ನಿಗೆ ಬಿಳಿ ಬಟ್ಟೆಯ ಒಂದು ಪದರವನ್ನು ಹೊಲಿಸಿದ್ದೇನೆ.

ಸ್ಥಳ ನೋಡುವಾಗ ನಾನು ಗಮನಿಸುವುದು ನೆಲವನ್ನು. ಹಸಿರು ಹುಲ್ಲಿನ ಮೇಲೆ ನಿಲ್ಲಿಸಿದರೆ ಗಲ್ಲದ ಕೆಳಗೆ, ಕುತ್ತಿಗೆಗೆ ಹಸಿರು ಛಾಯೆ ಹತ್ತುತ್ತದೆ. ಕಂದು ಚರ್ಮದ ಮೇಲಿನ ಆ ಹಸಿರನ್ನು ಆಮೇಲೆ ತೆಗೆಯುವುದು ಬಲು ಕಷ್ಟ. ನೆರಳು ಮುಗಿದು ಬಿಸಿಲು ಆರಂಭವಾಗುವ ಗೆರೆಯ ಒಳಗೆ ಎರಡು ಮೂರು ಅಡಿ ನಿಲ್ಲಿಸಿ, ಎದುರಿಗೆ ಬಿಸಿಲಿನಲ್ಲಿ ಕಾಂಕ್ರೀಟ್ ಹಾದಿ ಇರುವಂತೆ ನೋಡಿಕೊಂಡರೆ ಆ ಹಾದಿಯೇ ಕೆಳಗಿನಿಂದ ಹದವಾದ ಬೆಳಕು ಕೊಡುತ್ತದೆ. ಮೇಲಿನ ಬೆಳಕನ್ನು ತಡೆಯಲು ತಗ್ಗಿನ ಕೊಂಬೆಯೋ ಜಗಲಿಯ ಸೂರೋ ಬೇಕೇ ಬೇಕು. ಆಮೇಲೆ ಮುಖವನ್ನು ತೆರೆದ ಆಕಾಶದ ಕಡೆಗೆ ತಿರುಗಿಸಿ, ಕಪ್ಪು ಬಟ್ಟೆಯನ್ನು ಇನ್ನೊಂದು ಕೆನ್ನೆಯಿಂದ ಎರಡು ಅಡಿ ದೂರದಲ್ಲಿ, ಚಿತ್ರದ ಅಂಚಿನಿಂದ ಕೂದಲೆಳೆಯಷ್ಟು ಆಚೆಗೆ ತರುತ್ತೇನೆ. ಬಣ್ಣದ ಛಾಯೆ ಸರಿಪಡಿಸುವ ವೈಟ್ ಬ್ಯಾಲೆನ್ಸನ್ನು 6000 ಕೆಲ್ವಿನ್‌ನ ಮೇಲೆ ಒಂದೇ ಕಡೆ ನಿಲ್ಲಿಸಿ, ಎಕ್ಸ್‌ಪೋಷರ್ ಅನ್ನು ಬೆಳಕಿನ ಕೆನ್ನೆಗೆ ಹೊಂದಿಸುತ್ತೇನೆ. ಅಷ್ಟಾದರೂ ಉಳಿಯುವ ಹಸಿರನ್ನು ಕಂಪ್ಯೂಟರಿನಲ್ಲಿ ತೆಗೆಯುವ ನನ್ನದೇ ಒಂದು ಕ್ರಮವಿದೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯುವುದಿಲ್ಲ.

ಈ ಪದ್ಧತಿಯ ನಿಜವಾದ ಲಾಭ ತಿಳಿದದ್ದು ಬಟ್ಟೆ ಹಿಡಿಯುವ ಹುಡುಗ ಬಾರದ ಒಂದು ದಿನ. ಹುಡುಗಿಯೊಬ್ಬಳು ಅಜ್ಜಿ ಕಳಿಸಿದ್ದ ಕಡುನೇರಳೆ ಮೈಸೂರು ರೇಷ್ಮೆ ಸೀರೆಯಲ್ಲಿ ಬಂದಿದ್ದಳು. ತಂದೆ ನನ್ನ ಹೆಗಲ ಹಿಂದೆ ನಿಂತು “ನೆಟ್ಟಗೆ ನಿಲ್ಲು ಪುಟ್ಟಿ, ಸ್ವಲ್ಪ ನಗು” ಎನ್ನುತ್ತಿದ್ದರು, ಆಕೆಯ ಭುಜಗಳು ಪ್ರತಿ ಮಾತಿಗೂ ಕಿವಿಯ ಕಡೆಗೆ ಏರುತ್ತಿದ್ದವು. ಚೌಕಟ್ಟನ್ನು ಅವರ ಕೈಗೇ ಕೊಟ್ಟೆ. ಆರಡಿ ಮಖಮಲ್ಲಿನ ಹಿಂದೆ ಅವರು ಪೂರ್ತಿ ಮರೆಯಾದರು. ಅವರಿಗೆ ಮಗಳು ಕಾಣಲಿಲ್ಲ, ಮಗಳಿಗೆ ಅವರು ಕಾಣಲಿಲ್ಲ. ಎರಡು ನಿಮಿಷದೊಳಗೆ ಆಕೆಯ ಭುಜ ಇಳಿಯಿತು, ತುಟಿಯ ಬಿಗಿ ಸಡಿಲಿತು, ಸೆರಗಿನ ಜರಿ ಬೆಳಕಿನ ಕಡೆಗೆ ಮಾತ್ರ ಮಿನುಗಿ ಇನ್ನೊಂದು ಕಡೆ ಕಡುನೇರಳೆಯಲ್ಲೇ ಉಳಿಯಿತು. ಆ ಚಿತ್ರ ಈಗ ಅವರ ಮನೆಯ ಹಜಾರದಲ್ಲಿ ಮೂವತ್ತು ಇಂಚಿನ ಕ್ಯಾನ್ವಾಸಾಗಿ ತೂಗುತ್ತಿದೆ. ಅಂದಿನಿಂದ ಮಗು ಯಾರ ಕಣ್ಣಿಗೆ ಹೆಚ್ಚು ಮುದುಡುತ್ತದೆಯೋ ಅವರಿಗೇ ಬಟ್ಟೆ ಹಿಡಿಯುವ ಕೆಲಸ. ಸಹಾಯಕನ 60 ಡಾಲರೂ ಉಳಿಯಿತು.

ಭಂಗಿಯ ವಿಷಯದಲ್ಲಿ ನಾನು ಪಾದದಿಂದ ಆರಂಭಿಸುತ್ತೇನೆ. ಹದಿನೇಳರ ಮಕ್ಕಳಿಗೆ ಮುಖದ ಬಗ್ಗೆ ಏನು ಹೇಳಿದರೂ ಮುಖ ಕಲ್ಲಾಗುತ್ತದೆ. ಭಾರ ಹಿಂದಿನ ಕಾಲಿನ ಮೇಲೆ, ಮುಂದಿನ ಮೊಣಕಾಲು ಸಡಿಲ, ಆಮೇಲೆ ಸೊಂಟ, ಆಮೇಲೆ ಕೈ, ಎಲ್ಲಕ್ಕೂ ಕೊನೆಯಲ್ಲಿ ಗಲ್ಲ ಸ್ವಲ್ಪ ಮುಂದೆ ಬಂದು ಕೆಳಗೆ. ಶಾಲೆಯ ಆಟಗಾರರು ತೊಡುವ ಲೆಟರ್‌ಮನ್ ಜಾಕೆಟ್ ಹಾಕಿದ ಹುಡುಗರು ಕೈಯನ್ನು ಪೂರ್ತಿ ಜೇಬಿಗೆ ತುರುಕಿದರೆ ತೋಳು ಮೊಂಡಾಗಿ ಕಾಣುತ್ತದೆ. ಹೆಬ್ಬೆರಳು ಮಾತ್ರ ಒಳಗೆ, ನಾಲ್ಕು ಬೆರಳು ಹೊರಗೆ ಇರಲಿ. ಭರತನಾಟ್ಯ ಕಲಿತು ರಂಗಪ್ರವೇಶ ಮಾಡಿದ ಹುಡುಗಿಯರದು ಬೇರೆಯೇ ಸವಾಲು. ಅವರ ಬೆನ್ನು ಸದಾ ನೆಟ್ಟಗೆ, ಗಲ್ಲ ಸದಾ ಮೇಲೆ, ನಗು ಸಭೆಯ ಕೊನೆಯ ಸಾಲಿಗೆ ಕಾಣುವಷ್ಟು ದೊಡ್ಡದು. ಅವರನ್ನು ಗೋಡೆಗೆ ಒರಗಿಸಿ, ಒಂದು ಕಾಲಿನ ಚಪ್ಪಲಿ ಬಿಚ್ಚಿಸಿದರೆ ರಂಗದ ನಿಲುವು ಕರಗುತ್ತದೆ. ಹಲ್ಲಿಗೆ ತಂತಿ ಹಾಕಿದವರಿಗೆ ನಗು ಎನ್ನಲೇಬಾರದು. ಉಸಿರನ್ನು ಬಾಯಿಯಿಂದ ನಿಧಾನವಾಗಿ ಬಿಡಲು ಹೇಳಿ, ಉಸಿರು ಮುಗಿಯುವ ಹೊತ್ತಿಗೆ ಷಟರ್ ಒತ್ತಬೇಕು. ಕನ್ನಡಕದವರಿಗೆ ಕಿವಿಯ ಮೇಲಿನ ಕಡ್ಡಿಯನ್ನು ಅರ್ಧ ಇಂಚು ಎತ್ತಿದರೆ ಗಾಜು ಕೆಳಗೆ ಬಾಗಿ ಆಕಾಶದ ಹೊಳಪು ಹೋಗುತ್ತದೆ. ಪಕ್ಕದ ಹೊಳಪನ್ನು ಮಖಮಲ್ಲೇ ನುಂಗಿರುತ್ತದೆ. ಎಲ್ಲ ಮುಗಿಯಿತು ಎನಿಸಿದಾಗ ನಾನು ಕೇಳುವ ಒಂದು ಪ್ರಶ್ನೆಯಿದೆ, ಅತ್ಯುತ್ತಮ ಚಿತ್ರ ಬಹುತೇಕ ಅದರ ನಂತರವೇ ಬರುತ್ತದೆ. ಅದನ್ನೂ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಈ ನಡುವೆ ಬೇರೆ ಪ್ರಯೋಗಗಳೂ ನಡೆದವು. ಮಾರ್ಚ್ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ ಟೆಕ್ಸಸ್‌ನ ರಾಜ್ಯಪುಷ್ಪವಾದ ಬ್ಲೂಬಾನೆಟ್ ಅರಳಿದಾಗ ಎಲ್ಲರಿಗೂ ಹೂವಿನ ಬಯಲೇ ಬೇಕು. ಅಲ್ಲಿ ನೆರಳಿಲ್ಲ. ತಲೆಯ ಮೇಲೆ ಬಿಸಿಲನ್ನು ಸೋಸುವ ದೊಡ್ಡ ಬಿಳಿ ಡಿಫ್ಯೂಸರ್ ಹಿಡಿಸಿ ನೋಡಿದೆ. ಗಾಳಿಗೆ ಇಬ್ಬರು ಹಿಡಿದರೂ ನಿಲ್ಲಲಿಲ್ಲ, ಕೂರಿಸಿದಲ್ಲಿ ಫೈರ್ ಆಂಟ್ ಎಂಬ ಕೆಂಪಿರುವೆಗಳು ಮುತ್ತಿ ಸೆಷನ್ನೇ ನಿಂತಿತು. ಹೂವಿನ ಬಯಲಿಗೆ ಈಗಲೂ ಸಂಜೆಯ ಹಿಂಬೆಳಕೇ ಗತಿ, ಕೂರಿಸುವ ಮುನ್ನ ನೆಲವನ್ನು ಕೋಲಿನಿಂದ ತಟ್ಟಿ ನೋಡುವುದೂ ಕಡ್ಡಾಯ. ಆದರೆ ಅಗ್ಗದಲ್ಲಿ ಕೊಂಡ ಒಂದಡಿಯ ಕನ್ನಡಿ ಅದ್ಭುತವಾಗಿ ಫಲಿಸಿತು. ಅದನ್ನು ಹಿಂದೆ ಹದಿನೈದು ಅಡಿ ದೂರದ ಬಿಸಿಲಿನಲ್ಲಿಟ್ಟು ನೆರಳಿನೊಳಗಿನ ತಲೆಗೂದಲಿಗೆ ಬೆಳಕು ಹಾಯಿಸಿದರೆ, ನೂರಾರು ಡಾಲರಿನ ಎರಡನೆಯ ಫ್ಲ್ಯಾಶ್ ಮಾಡುವ ಕೆಲಸವನ್ನು ಮಾಡುತ್ತದೆ. ಪದವಿಯ ಕಪ್ಪು ಗೌನ್ ಹಾಕಿದವರಿಗೆ ಮಾತ್ರ ಮಖಮಲ್ಲು ಅತಿಯಾಗುತ್ತದೆ. ಗೌನೇ ಕೆಳಗಿನ ಬೆಳಕನ್ನೆಲ್ಲ ನುಂಗುವುದರಿಂದ ಸೊಂಟದ ಮಟ್ಟದಲ್ಲಿ ಬಿಳಿ ಫೋಮ್ ಬೋರ್ಡ್ ಹಿಡಿಸಿ ಗಲ್ಲದಡಿಯನ್ನು ಎತ್ತಬೇಕು.

ಹಣದ ಲೆಕ್ಕ ನೆನಪಿನಿಂದ ಹೇಳುವುದಾದರೆ, ಫ್ಲ್ಯಾಶ್‌ನ ಕಾಲದಲ್ಲಿ ಒಂದು ಸೆಷನ್‌ಗೆ 250 ಪಡೆದು, ಸಹಾಯಕ, ಪೆಟ್ರೋಲು, ರಿಪೇರಿ ಕಳೆದು ಕೈಗೆ ನೂರೈವತ್ತರಷ್ಟು ಬರುತ್ತಿತ್ತು. ಈಗ ದರ 375, ಅದರ ಮೇಲೆ ಶೇಕಡಾ 8.25ರ ಮಾರಾಟ ತೆರಿಗೆ ಬೇರೆ. ಚಿತ್ರಗಳನ್ನು ಡಿಜಿಟಲ್ ಆಗಿ ಕೊಟ್ಟರೂ ಇಲ್ಲಿ ಈ ತೆರಿಗೆ ತಪ್ಪದು ಎಂಬುದನ್ನು ಹೊಸಬರು ನೆನಪಿಡಬೇಕು. ಉದ್ಯಾನಗಳಲ್ಲಿ ವಾಣಿಜ್ಯ ಛಾಯಾಗ್ರಹಣಕ್ಕೆ ಪರವಾನಗಿ ಬೇಕೇ ಎಂದು ಮೊದಲೇ ವಿಚಾರಿಸಿ, ಬೇಕಾದಲ್ಲಿ ಆ ಶುಲ್ಕವನ್ನೂ ದರದಲ್ಲಿ ಸೇರಿಸುತ್ತೇನೆ. ಮಧ್ಯಾಹ್ನ ಒಬ್ಬರು, ಸಂಜೆಯ ಬೆಳಕಿಗೆ ಇನ್ನೊಬ್ಬರು ಎಂದು ದಿನಕ್ಕೆ ಎರಡು ಸೆಷನ್ ಆಗುವುದರಿಂದ ವಾರಾಂತ್ಯದ ಗಳಿಕೆ ಎರಡು ಪಟ್ಟಿಗೂ ಮಿಕ್ಕಿದೆ. ಬಾಸ್ಕೆಟ್‌ಬಾಲ್ ಆಡುವ ಆರೂಕಾಲು ಅಡಿಯ ಹುಡುಗರಿಗೆ ಈಗಿನ ಚೌಕಟ್ಟು ತಲೆಯವರೆಗೆ ಮುಟ್ಟುವುದಿಲ್ಲವಾದ್ದರಿಂದ, ಬರುವ ಆಗಸ್ಟ್‌ನ ಹೊತ್ತಿಗೆ ಏಳೂವರೆ ಅಡಿಯ ಇನ್ನೊಂದನ್ನು ಕಟ್ಟಲು ಪೈಪು ತಂದಿಟ್ಟಿದ್ದೇನೆ, ಮಖಮಲ್ಲು ಕೊಳ್ಳುವುದು ಬಾಕಿಯಿದೆ.