ಬೀಗ ಬಿದ್ದ ಹಳೇ ಹೋಟೆಲಿನೊಳಗೆ: ಹೋಗುವುದು, ನೋಡುವುದು, ದಾಖಲಿಸುವುದು

1950ರಿಂದ 70ರವರೆಗೆ ಭರ್ತಿ ವ್ಯಾಪಾರ ನಡೆಸಿ ಈಗ ಶಟರ್ ಎಳೆದುಕೊಂಡು ಕೂತ ಹೋಟೆಲುಗಳು ಬೆಂಗಳೂರಿನಲ್ಲಿ ಅಲ್ಲಲ್ಲಿ ಉಳಿದಿವೆ. ಪೇಟೆಯ ಊಟದ ಹೋಟೆಲು, ಬಸವನಗುಡಿ–ಮಲ್ಲೇಶ್ವರದ ಕಾಫಿ-ತಿಂಡಿ, ದಂಡಿನ (ಕಂಟೋನ್ಮೆಂಟ್) ಕಡೆಯ ಬ್ಯಾಂಡು ಬಾರಿಸುವ ರೆಸ್ಟೋರೆಂಟು, ಹೀಗೆ. ಒಳಗೆ ಹೋದವರು ಮೊದಲು ಹುಡುಕುವುದು ಬೋರ್ಡು, ಕುರ್ಚಿ, ಕಪ್ಪು-ಸಾಸರು. ಅವೆಲ್ಲ ಬಾಗಿಲು ಮುಚ್ಚಿದ ವಾರದಲ್ಲೇ ಗುಜರಿ ಸೇರಿರುತ್ತವೆ. ಉಳಿಯುವುದು ಅವು ಇದ್ದ ಜಾಗದ ಗುರುತು: ಮೊಳೆಯ ತೂತು, ಬೋಲ್ಟಿನ ಕಲೆ, ಸವೆದ ನೆಲ, ಹೊಗೆ ಹಿಡಿದ ಗೋಡೆ. ಇವನ್ನು ಓದಲು ಗೊತ್ತಿದ್ದರೆ ಖಾಲಿ ಕಟ್ಟಡವೂ ಸಾಕಷ್ಟು ಹೇಳುತ್ತದೆ.

ಮೊದಲು ಒಂದು ಸಲಹೆ. ಸತ್ತ ಹೋಟೆಲಿಗೆ ಹೋಗುವ ಮುನ್ನ ಬದುಕಿರುವ ಒಂದರಲ್ಲಿ ಎರಡು ಗಂಟೆ ಕೂತು ಬನ್ನಿ. ಗಾಂಧಿಬಜಾರಿನ ವಿದ್ಯಾರ್ಥಿ ಭವನ (1943), ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್., ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್, ಯಾವುದಾದರೂ ಸರಿ. ಗಲ್ಲಾ ಎಲ್ಲಿದೆ, ಅಲ್ಲಿ ಕೂತವರಿಗೆ ಏನೇನು ಕಾಣುತ್ತದೆ, ಸಪ್ಲೈಯರ್ ಯಾವ ದಾರಿಯಲ್ಲಿ ಓಡಾಡುತ್ತಾನೆ, ಎಂಜಲು ಲೋಟ ಯಾವ ಕಿಂಡಿಯಿಂದ ಒಳಗೆ ಹೋಗುತ್ತದೆ, ಗಮನಿಸಿ. ಇದು ತಲೆಯಲ್ಲಿ ಇಲ್ಲದಿದ್ದರೆ ಖಾಲಿ ಹಾಲ್‌ನಲ್ಲಿ ಧೂಳು ಬಿಟ್ಟು ಬೇರೇನೂ ಕಾಣುವುದಿಲ್ಲ.

ಅನುಮತಿ

ಗೋಡೆ ಹಾರುವ ಯೋಚನೆ ಬೇಡ. ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂನಲ್ಲಿ ಅತಿಕ್ರಮ ಪ್ರವೇಶಕ್ಕೆ 3 ತಿಂಗಳವರೆಗೆ, ಕಟ್ಟಡದೊಳಕ್ಕೆ ನುಗ್ಗಿದರೆ 1 ವರ್ಷದವರೆಗೆ ಸಜೆಯಿದೆ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಕದ್ದು ಹೋದವರಿಗೆ ಅಳತೆ ತೆಗೆಯುವಷ್ಟು ಹೊತ್ತು ಸಿಗುವುದಿಲ್ಲ.

ಮಾಲೀಕರನ್ನು ಹುಡುಕುವುದು ಅಕ್ಕಪಕ್ಕದ ಅಂಗಡಿಯಿಂದ ಶುರುವಾಗಲಿ. ಹೂವಿನವರು, ಬೀಡಾ ಅಂಗಡಿಯವರು, ಎದುರಿನ ಟೈಲರ್, ಇವರಿಗೆ ಗೊತ್ತಿರುವಷ್ಟು ಕಡತಕ್ಕೆ ಗೊತ್ತಿರುವುದಿಲ್ಲ. ಅಲ್ಲಿ ಸಿಗದಿದ್ದರೆ ಆಸ್ತಿಯ ವಿವರ ಹಿಡಿದು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪತ್ರಕ್ಕೆ (ಇ.ಸಿ.) ಅರ್ಜಿ ಹಾಕಿ. ಯಾರಿಂದ ಯಾರಿಗೆ ಕ್ರಯವಾಗಿದೆ, ಯಾವ ಬ್ಯಾಂಕಿಗೆ ಅಡವಾಗಿದೆ ಎನ್ನುವುದು ಇ.ಸಿ.ಯಲ್ಲಿ ಬರುತ್ತದೆ. ತೀರಾ ಹಳೆಯ ವರ್ಷಗಳದ್ದು ಬೇಕಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಬೇಕು.

ಇಲ್ಲಿ ಎಡವುವುದು ಹೀಗೆ: ಹಳೇ ಹೋಟೆಲುಗಳಲ್ಲಿ ಜಾಗ ಒಬ್ಬರದು, ಹೋಟೆಲು ಇನ್ನೊಬ್ಬರದು. ಲೀಸಿನ ವ್ಯಾಜ್ಯ ಕೋರ್ಟಿನಲ್ಲಿದ್ದರೆ ಒಬ್ಬರು ಕೊಟ್ಟ ಅನುಮತಿಯನ್ನು ಇನ್ನೊಬ್ಬರು ಅತಿಕ್ರಮಣಕ್ಕೆ ಸಾಕ್ಷಿ ಎನ್ನುತ್ತಾರೆ. ಇಬ್ಬರನ್ನೂ ಕೇಳಿ. ತಡೆಯಾಜ್ಞೆ ಇದ್ದರೆ ಆ ಕಟ್ಟಡವನ್ನು ಬಿಟ್ಟುಬಿಡಿ. ಸೆಕ್ಯುರಿಟಿಯವನು ಐವತ್ತು ರೂಪಾಯಿಗೆ ಬಾಗಿಲು ತೆಗೆದರೆ ಅದು ಅನುಮತಿಯಲ್ಲ, ಅವನ ಕೆಲಸಕ್ಕೆ ಕುತ್ತು. ಒಂದು ಹಾಳೆಯಲ್ಲಿ ದಿನಾಂಕ, ಸಮಯ, ಬರುವವರ ಹೆಸರು, ಫೋಟೊ ತೆಗೆಯಬಹುದೇ, ಎಲ್ಲಿ ಬಳಸಬಹುದು ಎಂಬುದನ್ನು ಬರೆಸಿ ಸಹಿ ಹಾಕಿಸಿಕೊಳ್ಳಿ.

ಹಸಿರು ಬಲೆ, ತಗಡಿನ ಬೇಲಿ, ಬಿಚ್ಚಿದ ಮೀಟರು ಕಂಡರೆ ಒಡೆಯುವ ಕೆಲಸ ಹತ್ತಿರ ಬಂದಿದೆ. ಆಗ ಮಾತಾಡಬೇಕಾದ್ದು ಒಡೆಯುವ ಗುತ್ತಿಗೆದಾರರ ಹತ್ತಿರ. ಕರಾರಾದ ಮೇಲೆ ಸಾಮಾನ್ಯವಾಗಿ ಮರ, ಕಬ್ಬಿಣ, ಹೆಂಚು ಅವರದ್ದೇ. ಬಾಗಿಲು-ಕಿಟಕಿ ಮೊದಲು ಹೋಗುತ್ತದೆ, ಆದ್ದರಿಂದ ಅದಕ್ಕೂ ಮುಂಚೆ ಎರಡು ದಿನ ಕೇಳಿ ಪಡೆಯಿರಿ.

ಜೀವಕ್ಕೆ ಕುತ್ತಾಗುವ ಸಂಗತಿಗಳು

ಕನಿಷ್ಠ ಮೂರು ಜನ ಇರಲಿ, ಒಬ್ಬರು ಹೊರಗೇ. ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಜೋರು ಮಳೆಯಾದರೆ ಒಂದು ವಾರ ಕಾಯಿರಿ. ಗಾರೆ ನೀರು ಕುಡಿದು ಭಾರವಾಗುತ್ತದೆ, ಬೀಳುವುದು ಮಳೆ ನಿಂತ ಎಷ್ಟೋ ದಿನಕ್ಕೆ.

ಚಾವಣಿಯನ್ನು ಬಾಗಿಲಲ್ಲೇ ನಿಂತು ನೋಡಿ. ಮದ್ರಾಸ್ ತಾರಸಿಯಾದರೆ ಸಾಲು ತೊಲೆ, ಅವುಗಳ ಮೇಲೆ ಓರೆಯಾಗಿ ನಿಲ್ಲಿಸಿದ ಚಿಕ್ಕ ಇಟ್ಟಿಗೆ, ಸುಣ್ಣದ ಗಾರೆ. ತೊಲೆಯ ನಡುಭಾಗ ಗಟ್ಟಿ ಕಂಡರೂ ನಂಬಬೇಡಿ. ಗೋಡೆಯೊಳಗೆ ಹೊಕ್ಕ ತುದಿಯಲ್ಲೇ ತೇವ ನಿಂತು ಗೆದ್ದಲು ಹಿಡಿಯುತ್ತದೆ. ತುದಿಯ ಹತ್ತಿರ ಮಣ್ಣಿನ ಗೆರೆ, ಬಿಳಿ ಉಪ್ಪು, ಬಾಗಿದ ಸಾಲು ಇದ್ದರೆ ಆ ಕೋಣೆಯೊಳಗೆ ಕಾಲಿಡಬೇಡಿ, ಬಾಗಿಲಿಂದಲೇ ಫೋಟೊ ತೆಗೆಯಿರಿ. ಆರ್‌ಸಿಸಿ (ಕಂಬಿ ಕಟ್ಟಿ ಹಾಕಿದ ಕಾಂಕ್ರೀಟು) ಆದರೆ ಕೆಳಗೆ ತುಕ್ಕು ಹಿಡಿದ ಕಂಬಿ ಕಾಣುತ್ತದೆಯೇ ನೋಡಿ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ, ಹಾಗಾಗಿ ಕಾಂಕ್ರೀಟಿನ ಹೊದಿಕೆಯನ್ನು ಕೆಳಕ್ಕೆ ದೂಡುತ್ತದೆ. ಹೆಲ್ಮೆಟ್ ಬೇಕೇ ಬೇಕು. ತಾರಸಿ ಮೇಲೆ, ಅಟ್ಟದ ಮೇಲೆ ಹತ್ತುವ ಮಾತೇ ಇಲ್ಲ.

ಹಿತ್ತಲ ಬೂದು ಬಣ್ಣದ ಅಲೆ-ಶೀಟು ಕಲ್ನಾರಿನದು (ಆಸ್ಬೆಸ್ಟಾಸ್) ಎಂದೇ ತಿಳಿಯಿರಿ. ಮುರಿಯಬೇಡಿ, ಗುಡಿಸಬೇಡಿ, ಮೇಲೆ ಕಾಲಿಟ್ಟರೆ ಸದ್ದಿಲ್ಲದೆ ಒಡೆಯುತ್ತದೆ. ಪಾರಿವಾಳದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಎನ್-95 ಮಾಸ್ಕ್ ಹಾಕಿ, ನಡೆಯುವ ಜಾಗಕ್ಕೆ ಮಾತ್ರ ನೀರು ಸಿಂಪಡಿಸಿ.

ಅಡುಗೆಮನೆಯ ಹಿಂದೆ ಮತ್ತು ಗೇಟಿನ ಹತ್ತಿರ ಸಂಪು, ಕೆಲವೊಮ್ಮೆ ಬಾವಿ ಇರುತ್ತದೆ. ಮುಚ್ಚಳ ಕೊಳೆತ ಹಲಗೆಯಾಗಿರಬಹುದು, ಮೇಲೆ ಹುಲ್ಲು ಬೆಳೆದು ಗುರುತೇ ಸಿಗದಿರಬಹುದು. ಐದಡಿ ಉದ್ದದ ಬಿದಿರಿನ ಕೋಲಿನಿಂದ ತಟ್ಟುತ್ತಾ ಹೆಜ್ಜೆ ಇಡಿ. ಟೊಳ್ಳು ಸದ್ದು ಬಂದರೆ ಸುತ್ತು ಹಾಕಿ. ಸಂಪಿನೊಳಗೆ ಯಾವ ಕಾರಣಕ್ಕೂ ಇಳಿಯಬೇಡಿ. ಒಳಗಿನ ಗಾಳಿಯಲ್ಲಿ ಆಮ್ಲಜನಕ ಇಲ್ಲದಿರಬಹುದು, ಬಿದ್ದವರನ್ನು ಎತ್ತಲು ಇಳಿದವರೂ ಅಲ್ಲೇ ಉಳಿಯುತ್ತಾರೆ.

ಸೂರಿನಡಿ ಹೆಜ್ಜೇನು ಕಟ್ಟಿದ್ದರೆ ಆ ಭಾಗ ಬಿಟ್ಟುಬಿಡಿ. ಸೆಂಟು ಹಾಕಿಕೊಂಡು ಹೋಗಬೇಡಿ, ಕತ್ತಲಲ್ಲಿ ಗೂಡಿನ ಕಡೆ ಟಾರ್ಚ್ ಬಿಡಬೇಡಿ, ಅವು ಬೆಳಕಿಗೆ ಹಾರಿ ಬರುತ್ತವೆ. ಇನ್ನು ವೈರು: ಮೀಟರು ಬಿಚ್ಚಿದ್ದರೂ ಪಕ್ಕದ ಮನೆಯಿಂದ ಎಳೆದ ಲೈನ್ ಇರಬಹುದು. ನಿಯಾನ್ ಬೋರ್ಡಿನ ಟ್ರಾನ್ಸ್‌ಫಾರ್ಮರ್ ಸಾವಿರಾರು ವೋಲ್ಟಿನದು, ಅದನ್ನಂತೂ ದೂರದಿಂದಲೇ ನೋಡಿ.

ಚೀಲದಲ್ಲಿ: ಎರಡು ಟಾರ್ಚು, ದಪ್ಪ ಅಟ್ಟೆಯ ಬೂಟು, ಚರ್ಮದ ಕೈಗವಸು, 30 ಮೀಟರ್ ಟೇಪು, ಚೌಕುಳಿ ಹಾಳೆ, ಪೆನ್ಸಿಲ್, ನೀರಿನ ಸ್ಪ್ರೇ ಬಾಟಲು, 30 ಸೆಂ.ಮೀ. ಸ್ಕೇಲು. ಸ್ಕೇಲು ಮರೆತರೆ ಹತ್ತು ರೂಪಾಯಿ ನಾಣ್ಯ ಇಡಿ, ಅದರ ಅಡ್ಡಳತೆ 27 ಮಿ.ಮೀ.

ಕಾಲ ಗುರುತಿಸುವುದು

ಇದರಲ್ಲೇ ಹೆಚ್ಚು ರುಚಿ. ಬೆಲೆಪಟ್ಟಿ ಗೋಡೆಗೇ ಬರೆದಿದ್ದರೆ ಅದೃಷ್ಟ. ಆಣೆಯಲ್ಲಿದ್ದರೆ 1957ರ ಏಪ್ರಿಲ್ 1ಕ್ಕಿಂತ ಹಿಂದಿನದು, ಇಲ್ಲವೇ ಅದರ ಬೆನ್ನಿಗೇ ಬರೆದದ್ದು. ಆ ದಿನ ದಶಮಾಂಶ ನಾಣ್ಯ ಬಂತು. 12, 19 ಇಂಥ ವಿಚಿತ್ರ ಬೆಲೆ ಕಂಡರೆ ಅದು ಎರಡಾಣೆ, ಮೂರಾಣೆಯನ್ನು ನಯಾ ಪೈಸೆಗೆ ತಿರುಗಿಸಿದ್ದು. 1964ರ ಜೂನ್‌ನಲ್ಲಿ ‘ನಯಾ’ ಬಿದ್ದುಹೋಗಿ ಬರೀ ಪೈಸೆ ಉಳಿಯಿತು. ವಿಳಾಸದಲ್ಲಿ ‘ಬೆಂಗಳೂರು-4’ ಎಂದಿದ್ದರೆ ಸಾಮಾನ್ಯವಾಗಿ ಪಿನ್ ಕೋಡಿಗೆ ಮುಂಚಿನದು, 560004 ಎಂದಿದ್ದರೆ 1972ರ ಆಗಸ್ಟ್ ನಂತರದ್ದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕೆ ಹಿಂದಿನದು. ಎಂ.ಜಿ. ರಸ್ತೆಯ ಹೋಟೆಲಿನ ಬಿಲ್ಲಿನಲ್ಲಿ ಸೌತ್ ಪೆರೇಡ್ ಎಂದಿದ್ದರೆ ಇನ್ನೂ ಹಳೆಯದಿರಬಹುದು, 1948ರಲ್ಲಿ ಹೆಸರು ಬದಲಾಯಿತು. ಆದರೆ ಅಚ್ಚಾದ ಬಿಲ್‌ಬುಕ್ ಮುಗಿಯುವವರೆಗೆ ಯಾವ ಹೋಟೆಲಿನವರೂ ಹೊಸದು ಹಾಕಿಸುವುದಿಲ್ಲ, ಅದನ್ನು ಲೆಕ್ಕಕ್ಕಿಟ್ಟುಕೊಳ್ಳಿ. ಮೀಟರ್ ಹಲಗೆಯ ಮೇಲೆ ಕೆ.ಇ.ಬಿ. (ಕರ್ನಾಟಕ ವಿದ್ಯುತ್ ಮಂಡಳಿ) ಎಂದಿದ್ದರೆ ಅದನ್ನು ಕೂರಿಸಿದ್ದು 1999ಕ್ಕೆ ಮುಂಚೆ; ಬೆಸ್ಕಾಂ ಬಂದದ್ದು 2002ರಲ್ಲಿ.

ಉದುರಿದ ಮಂಗಳೂರು ಹೆಂಚನ್ನು ತಿರುಗಿಸಿ ನೋಡಿ, ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಬಾಸೆಲ್ ಮಿಷನ್ ಹೆಂಚು ಮೊದಲನೇ ಮಹಾಯುದ್ಧಕ್ಕೆ ಹಿಂದಿನದು. ಆ ಕಾರ್ಖಾನೆಗಳು ಆಮೇಲೆ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು, ಹೆಂಚಿನ ಮೇಲಿನ ಹೆಸರೂ ಬದಲಾಯಿತು. ಇಲ್ಲೊಂದು ಬಲೆ: ಹೆಂಚು, ತೊಲೆ, ಬಾಗಿಲನ್ನು ಬೇರೆ ಕಟ್ಟಡದಿಂದ ತಂದು ಹಾಕುವುದು ಮಾಮೂಲು. ಅಚ್ಚು ಹೇಳುವುದು ‘ಇದಕ್ಕಿಂತ ಹಿಂದೆ ಅಲ್ಲ’ ಎಂದಷ್ಟೇ. ಮೂರು ಗುರುತು ಒಂದೇ ಕಡೆ ಕೈತೋರಿಸಿದ ಮೇಲೆ ವರ್ಷ ಬರೆಯಿರಿ.

ಬಳಿದು ಮುಚ್ಚಿದ ಅಕ್ಷರ ಓದಲು ಟಾರ್ಚನ್ನು ಗೋಡೆಗೆ ತಾಗಿಸಿ ಅಡ್ಡಲಾಗಿ ಬೆಳಕು ಬಿಡಿ. ಹಳೇ ಆಯಿಲ್ ಪೇಂಟಿನ ಅಂಚು ಉಬ್ಬಿ ಕಾಣುತ್ತದೆ. ಮಾಸಿದ ಅಕ್ಷರಕ್ಕೆ ನೀರು ಸಿಂಪಡಿಸಿದರೆ ಕೆಲ ನಿಮಿಷ ಗಾಢವಾಗುತ್ತದೆ, ಆದರೆ ಡಿಸ್ಟೆಂಪರ್ ಮೇಲೆ ಹೀಗೆ ಮಾಡಿದರೆ ಅಕ್ಷರವೇ ಕರಗಿ ಇಳಿಯುತ್ತದೆ. ಮೂಲೆಯಲ್ಲಿ ಒದ್ದೆ ಬೆರಳು ಒತ್ತಿ ನೋಡಿ, ಬಣ್ಣ ಬೆರಳಿಗೆ ಬಂದರೆ ನೀರು ಮುಟ್ಟಿಸಬೇಡಿ. ಮೊದಲ ಬಣ್ಣ ನೋಡಲು ಗೋಡೆ ಕೆರೆಯಬೇಕಿಲ್ಲ. ಕಳಚಿಬಿದ್ದ ಸ್ವಿಚ್ ಹಲಗೆಯ ಹಿಂದೆ, ದೇವರ ಪಟದ ಹಿಂದೆ ಅದು ಹಾಗೇ ಇರುತ್ತದೆ.

ತೂತು, ಕಲೆ, ಸವೆತ

ಮೊಸಾಯಿಕ್ ನೆಲದ ಮೇಲೆ ಬೆಳಕು ಓರೆಯಾಗಿ ಬೀಳುವಾಗ ಬಗ್ಗಿ ನೋಡಿ. ಹೊಳಪು ಸತ್ತ ಪಟ್ಟಿ ಸಪ್ಲೈಯರ್ ಓಡಾಡಿದ ದಾರಿ, ಅದು ನೇರ ಅಡುಗೆಮನೆಯ ಕಿಂಡಿಗೆ ಹೋಗುತ್ತದೆ. ಹೊಳಪು ಉಳಿದ ಚೌಕ ಮೇಜಿನ ಅಡಿ. ನಾಲ್ಕು ಬೋಲ್ಟ್ ತೂತಿದ್ದರೆ ಬೀಡುಕಬ್ಬಿಣದ ಕಾಲಿನ ಮೇಜು. ಇವನ್ನು ಎಣಿಸಿದರೆ ಒಮ್ಮೆಗೆ ಎಷ್ಟು ಜನ ಕೂರುತ್ತಿದ್ದರು ಎಂಬ ಲೆಕ್ಕ ಬರುತ್ತದೆ. ಗೋಡೆಯಲ್ಲಿ ಆಳೆತ್ತರಕ್ಕೆ ಒಂದೇ ಅಂತರದಲ್ಲಿ ಸ್ಕ್ರೂ ತೂತು, ಅದರ ನೇರಕ್ಕೇ ನೆಲದಲ್ಲೂ ತೂತು ಇದ್ದರೆ ಅಲ್ಲಿ ಫ್ಯಾಮಿಲಿ ರೂಮಿನ ಹಲಗೆಗೋಡೆ ಇತ್ತು. ದಂಡಿನ ಕಡೆ ಒಂದಡಿ ಎತ್ತರದ ಜಗಲಿಯಂಥದ್ದು ಸಿಕ್ಕರೆ ಬ್ಯಾಂಡಿನ ವೇದಿಕೆಯೇ ಎಂದು ಮೊದಲು ಪರೀಕ್ಷಿಸಿ: ಪಕ್ಕದಲ್ಲಿ ಪ್ಲಗ್ ಪಾಯಿಂಟು, ಮುಂದೆ ಬೇರೆ ಬಗೆಯ ನೆಲ ಇರಬೇಕು.

ಅಲಂಕಾರದ ಹೋಟೆಲುಗಳಲ್ಲಿ ತೂತು ಓದುವುದು ಇನ್ನೂ ಮುಖ್ಯ. ಬಿದಿರು, ಹುಲ್ಲುಛಾವಣಿ, ಪ್ಲಾಸ್ಟರಿನ ಬೊಂಬೆ ಎಲ್ಲ ಹಗುರ ಸಾಮಾನು, ಮೊದಲು ಮಾಯವಾಗುವುದೂ ಅವೇ. ದ್ವೀಪದ ವೇಷದ ಈ ‘ಟಿಕಿ’ ಶೈಲಿಯ ತೌರು ಅಮೆರಿಕ. 1933ರಲ್ಲಿ ಹಾಲಿವುಡ್‌ನ ಡಾನ್ ದ ಬೀಚ್‌ಕೋಂಬರ್, ಮರುವರ್ಷ ಓಕ್ಲೆಂಡಿನಲ್ಲಿ ವಿಕ್ಟರ್ ಬರ್ಜರಾನ್ ಶುರುಮಾಡಿ ಮುಂದೆ ಟ್ರೇಡರ್ ವಿಕ್ಸ್ ಆದ ಹೋಟೆಲು, ಇವುಗಳ ಹಿಂದೆ ಊರೂರಿಗೂ ಪಾಲಿನೇಷ್ಯದ ದ್ವೀಪದ ವೇಷ ತೊಟ್ಟ ಹೋಟೆಲು ಎದ್ದವು. ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ 1961ರಲ್ಲಿ ತೆರೆದ ಕಾಹಿಕಿ 1997ರಲ್ಲಿ ರಾಷ್ಟ್ರೀಯ ಪಾರಂಪರಿಕ ಪಟ್ಟಿಗೆ ಸೇರಿತು, 2000ದಲ್ಲಿ ಔಷಧಿ ಅಂಗಡಿಗಾಗಿ ಕೆಡವಲಾಯಿತು. ಖಾಸಗಿ ಮಾಲೀಕರು ಒಡೆಯುವುದನ್ನು ಆ ಪಟ್ಟಿ ತಡೆಯುವುದಿಲ್ಲ. ಅಲ್ಲಿನವರು ಈಗ ಮಗ್ಗು, ಮೆನು, ಬೆಂಕಿಪೊಟ್ಟಣ ಕೂಡಿಡುತ್ತಾರೆ. ನಮ್ಮಲ್ಲೂ ಗಾರ್ಡನ್ ರೆಸ್ಟೋರೆಂಟುಗಳ ಗುಡಿಸಲು, ಬಿದಿರಿನ ತಡಿಕೆ ಇದೇ ಜಾತಿಯವು. ಚಾವಣಿಯಲ್ಲಿ ಸಾಲು ಕೊಕ್ಕೆ, ತಂತಿಯ ತುಂಡು, ಅಡ್ಡಾದಿಡ್ಡಿ ಬಲ್ಬ್ ಹೋಲ್ಡರ್ ಕಂಡರೆ ಪ್ರತಿಯೊಂದರ ಜಾಗವನ್ನೂ ನಕ್ಷೆಗೆ ಹಾಕಿ. ಅಲಂಕಾರದ ಆಕಾರ ಹಾಳೆಯ ಮೇಲೆ ತಾನಾಗಿ ಮೂಡುತ್ತದೆ.

ಅಡುಗೆಮನೆಗೆ ಅರ್ಧ ದಿನ ಕೊಡಿ. ಎಲ್ಲರೂ ಹಾಲ್‌ನಲ್ಲೇ ಸಮಯ ಕಳೆದು ಇಲ್ಲಿಗೆ ಬರುವಷ್ಟರಲ್ಲಿ ಬೆಳಕು ಹೋಗಿರುತ್ತದೆ. ಹೋಟೆಲಿನವರು ಐದಾರು ವರ್ಷಕ್ಕೊಮ್ಮೆ ಮುಂಭಾಗ ಹೊಸದು ಮಾಡಿಸುತ್ತಾರೆ, ಹಿಂಭಾಗ ಮುಟ್ಟುವುದಿಲ್ಲ. ಮಸಿ ಚಾವಣಿಯವರೆಗೂ ಇದ್ದರೆ ಸೌದೆ ಒಲೆ, ಅದರ ನೇರಕ್ಕೆ ಹೊಗೆಗೂಡು ಹುಡುಕಿ. ಜಿಡ್ಡು ಮಾತ್ರ ಇದ್ದು ಮಸಿ ಇಲ್ಲದ ಪಟ್ಟಿ ಗ್ಯಾಸ್ ಬಂದ ಮೇಲಿನದು. ನೆಲದಲ್ಲಿ ದುಂಡು ಗುಂಡಿ ಒರಳಿನದು, ಪಕ್ಕದಲ್ಲೇ ಬೋಲ್ಟ್ ನೆಟ್ಟ ಕಾಂಕ್ರೀಟ್ ದಿಮ್ಮಿ ಮೋಟಾರು ಗ್ರೈಂಡರಿನದು. ಎರಡೂ ಇದ್ದರೆ ಕೈರುಬ್ಬಿನಿಂದ ಕರೆಂಟಿಗೆ ದಾಟಿದ ಗುರುತು ಒಂದೇ ಚೌಕದಲ್ಲಿ ಸಿಕ್ಕಂತೆ. ಕಡಪ ಕಲ್ಲಿನ ಕಟ್ಟೆಯ ಅಂಚು ಎಲ್ಲಿ ಹೆಚ್ಚು ಸವೆದಿದೆಯೋ ಅಲ್ಲಿ ಭಟ್ಟರು ನಿಲ್ಲುತ್ತಿದ್ದರು.

ದಾಖಲೆ

ಪ್ರತಿ ಕೋಣೆಗೂ ಒಂದೇ ಕ್ರಮ: ನಾಲ್ಕು ಮೂಲೆಯಿಂದ ನಾಲ್ಕು ಫೋಟೊ, ಪ್ರತಿ ಗೋಡೆಗೆ ನೇರ ನಿಂತು ಒಂದೊಂದು, ನೆಲ, ಚಾವಣಿ, ಆಮೇಲೆ ಸ್ಕೇಲಿಟ್ಟು ಸಣ್ಣ ವಿವರ. ವಿವರದಿಂದ ಶುರುಮಾಡಿದರೆ ಮನೆಗೆ ಬಂದ ಮೇಲೆ ಆ ತೂತು ಯಾವ ಗೋಡೆಯದೆಂದು ಗೊತ್ತಾಗುವುದಿಲ್ಲ. ಅಳತೆ ಅಡಿಯಲ್ಲೇ ತೆಗೆಯಿರಿ, ಕಟ್ಟಿದವರೂ ಅಡಿಯಲ್ಲೇ ಯೋಚಿಸಿದ್ದರು. ಒಂದು ಚೌಕಕ್ಕೆ ಒಂದಡಿ. ಎರಡು ಕರ್ಣವನ್ನೂ ಅಳೆಯಿರಿ, ಪೇಟೆಯ ಕಟ್ಟಡಗಳಲ್ಲಿ ಚಚ್ಚೌಕ ಕೋಣೆ ಅಪರೂಪ. ಗೋಡೆಯ ದಪ್ಪ ಬರೆಯಿರಿ. 18 ಇಂಚಿನ ಕಲ್ಲುಗೋಡೆಗೆ 9 ಇಂಚಿನ ಇಟ್ಟಿಗೆ ಗೋಡೆ ತಾಗಿದ ಕಡೆ ಕಟ್ಟಡ ಬೆಳೆದಿದೆ.

ಆಮೇಲೆ ಕಾಗದ. ಪ್ರಜಾವಾಣಿ, ಡೆಕ್ಕನ್ ಹೆರಾಲ್ಡ್ ಎರಡೂ 1948ರಿಂದ ಇವೆ, ಹೊಸ ಹೋಟೆಲಿನ ಜಾಹೀರಾತಿಗೆ ಹಳೇ ಸಂಚಿಕೆ ತಿರುವಿ. ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ, ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯಲ್ಲಿ ವಿಚಾರಿಸಿ. ಮೆನು, ಬಿಲ್ಲು ಹುಡುಕಲು ಅವೆನ್ಯೂ ರಸ್ತೆಯ ಹಳೇ ಪುಸ್ತಕದವರು. ಹಳೇ ಭಟ್ಟರು, ಸಪ್ಲೈಯರ್ ಸಿಕ್ಕರೆ ‘ಆಗ ಹೇಗಿತ್ತು’ ಎಂದು ಕೇಳಬೇಡಿ, ಬರೀ ‘ಚೆನ್ನಾಗಿತ್ತು’ ಎಂಬ ಉತ್ತರ ಬರುತ್ತದೆ. ನಕ್ಷೆ ಮುಂದಿಟ್ಟು ‘ಹಾಲು ಯಾವ ಬಾಗಿಲಿಂದ ಬರುತ್ತಿತ್ತು, ಬೆಳಿಗ್ಗೆ ಒಲೆ ಹಚ್ಚುತ್ತಿದ್ದವರು ಯಾರು’ ಎನ್ನಿ.

ಏನನ್ನೂ ಎತ್ತಿಕೊಂಡು ಬರಬೇಡಿ, ಮಾಲೀಕರು ಬರೆದು ಕೊಟ್ಟದ್ದನ್ನು ಬಿಟ್ಟು. ಅವರು ಕೊಟ್ಟದ್ದನ್ನೂ ಬಿಚ್ಚುವ ಮುನ್ನ ಅದಿದ್ದ ಜಾಗದಲ್ಲೇ ಫೋಟೊ ತೆಗೆದು ನಕ್ಷೆಯಲ್ಲಿ ಸಂಖ್ಯೆ ಹಾಕಿ. ಹೊರಡುವಾಗ ತೆರೆದ ಕಿಟಕಿ ಮುಚ್ಚಿ, ಸಂಪಿನ ಹತ್ತಿರ ಕಲ್ಲಿಟ್ಟು ಗುರುತು ಮಾಡಿ, ಬೀಗ ಎಳೆದು ನೋಡಿ, ಕೀಲಿಯನ್ನು ಕೊಟ್ಟವರ ಕೈಗೇ ಕೊಡಿ. ವಾರದೊಳಗೆ ಫೋಟೊ ಮತ್ತು ನಕ್ಷೆಯ ಒಂದು ಪ್ರತಿಯನ್ನು ಮಾಲೀಕರಿಗೆ ಮುಟ್ಟಿಸಿ. ಹಿತ್ತಲ ಗೋದಾಮಿನ ಬೀಗ ತೆಗೆಸಿಕೊಡುವುದು ಎಷ್ಟೋ ಸಲ ಆ ಪ್ರತಿಯೇ.