ನಾಳೆಯ ಪುಸ್ತಕ: ಜಿಲ್ಲಾ ಅಭಿಯೋಜನಾ ಕಚೇರಿ ನಡೆಸಿದ ನನ್ನ ಅನುಭವ

2021ರಲ್ಲಿ ನಾನು ಉಪ ನಿರ್ದೇಶಕನಾಗಿ ಅಧಿಕಾರ ವಹಿಸಿಕೊಂಡಾಗ ನಮ್ಮ ಜಿಲ್ಲೆಯ ಹನ್ನೊಂದು ಕ್ರಿಮಿನಲ್ ನ್ಯಾಯಾಲಯಗಳಿಗೆ ಇದ್ದ ಅಭಿಯೋಜಕರು, ಅಂದರೆ ಸರ್ಕಾರದ ಪರ ಪ್ರಕರಣ ನಡೆಸುವ ವಕೀಲರು, ಏಳೇ ಮಂದಿ. ಉಳಿದ ನಾಲ್ಕು ನ್ಯಾಯಾಲಯಗಳು ಪ್ರಭಾರದ ಮೇಲೆ ನಡೆಯುತ್ತಿದ್ದವು. ಬೆಳಿಗ್ಗೆ ಒಂದು ತಾಲ್ಲೂಕಿನಲ್ಲಿ ಸಾಕ್ಷಿ ವಿಚಾರಣೆ ಮುಗಿಸಿದ ಎಪಿಪಿ (ಸಹಾಯಕ ಸರ್ಕಾರಿ ಅಭಿಯೋಜಕ) ಮಧ್ಯಾಹ್ನ ಬಸ್ಸು ಹಿಡಿದು ಇನ್ನೊಂದು ತಾಲ್ಲೂಕಿಗೆ ಓಡಬೇಕು, ಅಷ್ಟರಲ್ಲಿ ಅಲ್ಲಿನ ಆದೇಶ ಹಾಳೆಯಲ್ಲಿ ‘ಎಪಿಪಿ ಗೈರು’ ಎಂದು ಬರೆದಾಗಿರುತ್ತಿತ್ತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಎಪಿಪಿಯಾಗಿ, ಆಮೇಲೆ ಸೆಷನ್ಸ್ ನ್ಯಾಯಾಲಯದಲ್ಲಿ ಸರ್ಕಾರಿ ಅಭಿಯೋಜಕನಾಗಿ ನಾನೂ ಹೀಗೆ ಓಡಿದವನೇ. ವಾದ ಮಾಡಲು ಬರುವವನಿಗೆ ಕಚೇರಿ ನಡೆಸಲೂ ಬರುತ್ತದೆ ಎಂದು ಸರ್ಕಾರ ನಂಬಿಕೊಂಡಿದೆ. ಬರುವುದಿಲ್ಲ ಎಂದು ನನಗೆ ಅರಿವಾಗಲು ಆರು ತಿಂಗಳು ಹಿಡಿಯಿತು.

ಈ ಕಚೇರಿಯ ಸ್ವರೂಪವೇ ವಿಚಿತ್ರವಾದುದು. ಹಿಂದೆ ಕೆಳ ನ್ಯಾಯಾಲಯಗಳಲ್ಲಿ ಸರ್ಕಾರದ ಪರ ಪ್ರಕರಣ ನಡೆಸುತ್ತಿದ್ದವರಲ್ಲಿ ಪೊಲೀಸ್ ಪ್ರಾಸಿಕ್ಯೂಟರ್‌ಗಳೇ ಹೆಚ್ಚು. 1973ರ ದಂಡ ಪ್ರಕ್ರಿಯಾ ಸಂಹಿತೆ ಅವರನ್ನು ಪೊಲೀಸ್ ಇಲಾಖೆಯಿಂದ ಬೇರೆ ಮಾಡಲು ಹೊರಟಿತು. ಅಭಿಯೋಜಕರು ಪೊಲೀಸರ ಆಡಳಿತದಡಿ ಇರಕೂಡದು ಎಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಮಹಾರಾಷ್ಟ್ರದ ಶಹಾಣೆ ಪ್ರಕರಣದಲ್ಲಿ ಖಚಿತವಾಗಿ ಹೇಳಿತು. 2005ರ ತಿದ್ದುಪಡಿಯ ಮೂಲಕ ಬಂದ 25ಎ ಕಲಂ ಅಭಿಯೋಜನಾ ನಿರ್ದೇಶನಾಲಯಕ್ಕೆ ಸಂಹಿತೆಯಲ್ಲೇ ಜಾಗ ಕೊಟ್ಟಿತು. ನಮ್ಮ ರಾಜ್ಯದಲ್ಲಿ ಇದು ಅಭಿಯೋಜನೆ ಮತ್ತು ಸರ್ಕಾರಿ ವ್ಯಾಜ್ಯಗಳ ಇಲಾಖೆ. ಜಿಲ್ಲೆಯ ಅಭಿಯೋಜಕರ ರಜೆ, ಪ್ರಭಾರ, ಮಾಸಿಕ ವರದಿ ಎಲ್ಲವೂ ಉಪ ನಿರ್ದೇಶಕನ ಕೈಯಲ್ಲಿರುತ್ತವೆ. ಆದರೆ ಕಟಕಟೆಯ ಮುಂದೆ ನಿಂತ ಎಪಿಪಿ ಯಾವ ಸಾಕ್ಷಿಯನ್ನು ಕೈಬಿಡಬೇಕು, ಯಾರನ್ನು ಪ್ರತಿಕೂಲ ಸಾಕ್ಷಿ (ಮೊದಲಿನ ಹೇಳಿಕೆಗೆ ತಿರುಗಿಬಿದ್ದವರು) ಎಂದು ಪರಿಗಣಿಸಿ ಪಾಟೀಸವಾಲು ಮಾಡಬೇಕು ಎಂಬುದನ್ನು ಕಚೇರಿಯಲ್ಲಿ ಕುಳಿತು ನಾನು ಹೇಳುವಂತಿಲ್ಲ, ಹೇಳಲೂಬಾರದು. ಹಾಗಾದರೆ ಮುಖ್ಯಸ್ಥನ ಕೆಲಸವೇನು ಎಂಬ ಪ್ರಶ್ನೆಗೆ ಯಾವ ಸುತ್ತೋಲೆಯಲ್ಲೂ ಉತ್ತರ ಸಿಗಲಿಲ್ಲ. ಸಿಕ್ಕಿದ್ದು ನಾವೇ ಬರೆಯತೊಡಗಿದ ಒಂದು ಉದ್ದನೆಯ ಗೆರೆ ಪುಸ್ತಕದಲ್ಲಿ.

ಪ್ರತಿ ತಿಂಗಳು ನಿರ್ದೇಶನಾಲಯಕ್ಕೆ ಶಿಕ್ಷೆ ಎಷ್ಟು, ಖುಲಾಸೆ ಎಷ್ಟು ಎಂಬ ಲೆಕ್ಕ ಕಳುಹಿಸುತ್ತಿದ್ದೆವು. ಕಳೆದುಹೋದದ್ದನ್ನು ಎಣಿಸಿ ಪ್ರಯೋಜನವಿಲ್ಲ ಎನ್ನಿಸಿ, ನಾಳೆ ಏನಾಗಲಿದೆ ಎಂಬುದನ್ನು ಆ ಪುಸ್ತಕದಲ್ಲಿ ಬರೆದಿಡುವ ಪದ್ಧತಿ ಆರಂಭಿಸಿದೆ. ಪ್ರತಿ ನ್ಯಾಯಾಲಯದ ಎಪಿಪಿ ಸಂಜೆ ಐದಕ್ಕೆ ಮೊದಲು ಮರುದಿನದ ಪಟ್ಟಿ ನೋಡಿ ಐದು ಅಂಕಣ ತುಂಬಬೇಕು: ಪ್ರಕರಣದ ಸಂಖ್ಯೆ, ಬರಬೇಕಾದ ಸಾಕ್ಷಿ ಯಾರು, ಸಮನ್ಸ್ ಜಾರಿಯಾಗಿದೆಯೇ, ಸಿಡಿ ಕಡತ (ಪೊಲೀಸರ ಕೇಸ್ ಡೈರಿ) ಠಾಣೆಯಿಂದ ಬಂದಿದೆಯೇ, ಮುದ್ದೆಮಾಲು (ಜಪ್ತಿ ಮಾಡಿದ ವಸ್ತು) ತೋರಿಸಬೇಕಿದ್ದರೆ ಅದು ಎಲ್ಲಿದೆ. ಅಂಕಣ ಖಾಲಿ ಇದ್ದಲ್ಲಿ ನಮ್ಮ ಗುಮಾಸ್ತರು ಸಂಬಂಧಪಟ್ಟ ಠಾಣೆಯ ಕೋರ್ಟ್ ಪಿಸಿಗೆ (ನ್ಯಾಯಾಲಯದ ಕೆಲಸ ನೋಡುವ ಪೇದೆಗೆ) ಅಂದೇ ಫೋನ್ ಮಾಡುತ್ತಿದ್ದರು. ಇ-ಪ್ರಾಸಿಕ್ಯೂಷನ್ ತಂತ್ರಾಂಶದಲ್ಲಿ ಇದೆಲ್ಲಕ್ಕೂ ಜಾಗವಿದೆ ಎಂದು ಕಿರಿಯ ಎಪಿಪಿಗಳು ನೆನಪಿಸಿದರು. ನಿಜವೇ, ಆದರೆ ಒಂದೇ ಕಂಪ್ಯೂಟರನ್ನು ಮೂವರು ಹಂಚಿಕೊಳ್ಳುವ ಕೋಣೆಯಲ್ಲಿ ಪುಸ್ತಕಕ್ಕೆ ಪಾಸ್‌ವರ್ಡ್ ಬೇಕಾಗುವುದಿಲ್ಲ.

ಮೊದಲ ವಾರದಲ್ಲೇ ಪುಸ್ತಕ ಹೇಳಿದ ಸಂಗತಿ ನನ್ನನ್ನು ತಬ್ಬಿಬ್ಬು ಮಾಡಿತು. ಅಭಿಯೋಜಕರ ಕೊರತೆಯೇ ನಮ್ಮ ಮೂಲ ರೋಗವೆಂದು ನಾನು ತಿಳಿದಿದ್ದೆ. ಆದರೆ ಎಪಿಪಿ ಇದ್ದ ನ್ಯಾಯಾಲಯಗಳಲ್ಲೂ ದಿನದ ಅರ್ಧ ಕೆಲಸ ನಿಲ್ಲುತ್ತಿದ್ದುದು ಸಿಡಿ ಕಡತ ಹನ್ನೊಂದು ಗಂಟೆಗೆ, ಅಂದರೆ ಸಾಕ್ಷಿಯ ಜೊತೆಜೊತೆಗೇ, ಕೋರ್ಟಿಗೆ ಬರುತ್ತಿದ್ದುದರಿಂದ. ಹೇಳಿಕೆ ಓದಿರದ ಎಪಿಪಿ ಕಾಲಾವಕಾಶ ಕೇಳುತ್ತಾರೆ, ನ್ಯಾಯಾಧೀಶರು ಬೇಸರದಿಂದಲೇ ಕೊಡುತ್ತಾರೆ, ಸಾಕ್ಷಿ ವಾಪಸ್ಸು ಹೋಗುತ್ತಾನೆ. ಈ ವಿಷಯವನ್ನು ಪೊಲೀಸ್ ವರಿಷ್ಠಾಧಿಕಾರಿಗಳ ಮಾಸಿಕ ಸಭೆಯಲ್ಲಿ ದೂರಾಗಿ ಹೇಳದೆ, ಪುಸ್ತಕದ ಎರಡು ಪುಟಗಳ ನಕಲನ್ನು ಮೇಜಿನ ಮೇಲಿಟ್ಟೆ. ಕಡತ ಹಿಂದಿನ ದಿನ ನಾಲ್ಕಕ್ಕೆ ಬರಬೇಕೆಂಬ ಆದೇಶ ಅಂದೇ ಹೊರಟಿತು. ಅದು ಎಲ್ಲ ಠಾಣೆಗಳಲ್ಲೂ ಪಾಲನೆಯಾಯಿತೆಂದು ಹೇಳಲಾರೆ. ಎರಡು ಠಾಣೆಗಳು ಕೊನೆಯವರೆಗೂ ಹನ್ನೊಂದು ಗಂಟೆಯ ಠಾಣೆಗಳಾಗಿಯೇ ಉಳಿದವು.

ವಾಪಸ್ಸು ಹೋಗುವ ಸಾಕ್ಷಿಯ ಬಗ್ಗೆ ಇನ್ನಷ್ಟು ಹೇಳಬೇಕು. ಒಂದು ದಿನ ಸೆಷನ್ಸ್ ನ್ಯಾಯಾಲಯದ ಜಗಲಿಯಲ್ಲಿ ವಯಸ್ಸಾದ ರೈತರೊಬ್ಬರು ಬೆಂಚಿನ ತುದಿಯಲ್ಲಿ ಕುಳಿತಿದ್ದರು. ಸ್ಥಳ ಮಹಜರಿಗೆ ಸಹಿ ಹಾಕಿದ ಪಂಚರು, ದೋಷಾರೋಪಣಾ ಪಟ್ಟಿಯ ನಾಲ್ಕನೇ ಸಾಕ್ಷಿ (ಚಾ.ಸಾ.4). ಅದೇ ಬೆಂಚಿನಲ್ಲಿ ಆರೋಪಿಯ ಅಣ್ಣ, ಅವನ ಪಕ್ಕದಲ್ಲಿ ಇನ್ನಿಬ್ಬರು ಊರಿನವರು, ನಡುವೆ ಕಡಲೆಕಾಯಿ ಪೊಟ್ಟಣ. ‘ಏನಜ್ಜ, ಎಷ್ಟನೇ ಸಲ ಬಂದದ್ದು?’ ಎಂದು ಕೇಳಿದೆ. ‘ನಾಕನೇದು ಸ್ವಾಮಿ. ಅವತ್ತು ಸಹಿ ಹಾಕಿದ್ದೊಂದೇ ತಪ್ಪಾತು ನಂದು’ ಎಂದರು. ಮಧ್ಯಾಹ್ನ ಕಟಕಟೆ ಹತ್ತಿ, ಸಹಿ ತಮ್ಮದೇ, ಆದರೆ ಪೊಲೀಸರು ಠಾಣೆಯಲ್ಲಿ ಹಾಕಿಸಿಕೊಂಡರು ಎಂದು ಹೇಳಿ ಇಳಿದರು. ಅವರನ್ನು ಪ್ರತಿಕೂಲ ಸಾಕ್ಷಿ ಮಾಡಿದ್ದು ಆರೋಪಿಯೋ ನಮ್ಮ ಬೆಂಚೋ ಎಂದು ನನಗೆ ಈಗಲೂ ಅನುಮಾನವಿದೆ. ಆ ವಾರವೇ ನಮ್ಮ ಕಡತಗಳ ಎರಡು ಕಪಾಟನ್ನು ಕಾರಿಡಾರಿನ ಕೊನೆಗೆ ಸಾಗಿಸಿ, ತೆರವಾದ ಜಾಗದಲ್ಲಿ ನಾಲ್ಕು ಕುರ್ಚಿ, ಒಂದು ನೀರಿನ ಕ್ಯಾನು ಇಟ್ಟು, ಅಭಿಯೋಜನೆಯ ಸಾಕ್ಷಿಗಳು ಅಲ್ಲಿಯೇ ಕುಳಿತುಕೊಳ್ಳುವಂತೆ ಮಾಡಿದೆವು. ಸಾಕ್ಷಿಗೆ ಏನು ಹೇಳಬೇಕೆಂದು ಕಲಿಸಿಕೊಡುವುದು ನಮ್ಮ ಕೆಲಸವಲ್ಲ, ಅದು ತಪ್ಪು ಕೂಡ. ಆದರೆ ಎಷ್ಟು ಹೊತ್ತಿಗೆ ಕೂಗುತ್ತಾರೆ, ಎಲ್ಲಿ ನಿಲ್ಲಬೇಕು, ಭತ್ಯೆಗೆ ಯಾರನ್ನು ಕೇಳಬೇಕು ಎಂಬುದನ್ನು ಹೇಳಲು ಯಾವ ಅಡ್ಡಿಯೂ ಇಲ್ಲ.

ನಿಜವಾದ ಬೆದರಿಕೆ ಇದ್ದಲ್ಲಿ ಕುರ್ಚಿ ಸಾಲದು. 2018ರ ಸಾಕ್ಷಿ ಸಂರಕ್ಷಣಾ ಯೋಜನೆಯ ಪ್ರಕಾರ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರ ಅಧ್ಯಕ್ಷತೆಯ ಸ್ಥಾಯಿ ಸಮಿತಿಗೆ ಜಿಲ್ಲೆಯ ಅಭಿಯೋಜನಾ ಮುಖ್ಯಸ್ಥನೇ ಸದಸ್ಯ ಕಾರ್ಯದರ್ಶಿ. ಈ ಹೊಣೆ ನನ್ನದೆಂದು ನಾನು ಅಧಿಕಾರ ವಹಿಸಿಕೊಂಡ ದಿನ ನನಗೇ ಗೊತ್ತಿರಲಿಲ್ಲ ಎಂಬುದನ್ನು ಸಂಕೋಚದಿಂದಲೇ ಬರೆಯುತ್ತಿದ್ದೇನೆ. ಬೆರಳೆಣಿಕೆಯಷ್ಟು ಅರ್ಜಿಗಳು ಬಂದವು, ಬಹುಪಾಲು ಮಹಿಳೆಯರಿಂದ.

ಕರಡು ದೋಷಾರೋಪಣಾ ಪಟ್ಟಿಯ ಪರಿಶೀಲನೆ ಇನ್ನೊಂದು ತಲೆನೋವು. ಆರೋಪಿ ನ್ಯಾಯಾಂಗ ಬಂಧನದಲ್ಲಿರುವಾಗ ಅಪರಾಧಕ್ಕೆ ತಕ್ಕಂತೆ 60 ಅಥವಾ 90 ದಿನದೊಳಗೆ ಪಟ್ಟಿ ಸಲ್ಲಿಸದಿದ್ದರೆ ಆತ ಜಾಮೀನಿಗೆ ಹಕ್ಕುದಾರನಾಗುತ್ತಾನೆ. ನಮ್ಮಲ್ಲಿಗೆ ಕರಡು ಬರುತ್ತಿದ್ದುದು 88ನೆಯ ದಿನ. ಆ ಹೊತ್ತಿಗೆ ಕರೆ ವಿವರಗಳಿಗೆ ಪ್ರಮಾಣಪತ್ರವಿಲ್ಲ ಎಂದು ಬರೆದರೆ ಮೊಬೈಲ್ ಕಂಪನಿಯಿಂದ ತರಿಸುವವರು ಯಾರು? ವಿದ್ಯುನ್ಮಾನ ಸಾಕ್ಷ್ಯಕ್ಕೆ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನ ಪ್ರಮಾಣಪತ್ರ ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಅರ್ಜುನ್ ಪಂಡಿತರಾವ್ ಪ್ರಕರಣದಲ್ಲಿ ಮತ್ತೆ ಹೇಳಿದ ಮೇಲೂ ಸಿಸಿಟಿವಿ ಪೆನ್‌ಡ್ರೈವ್ ಬರಿಗೈಯಲ್ಲಿ ಬರುವುದು ನಿಲ್ಲಲಿಲ್ಲ. ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಡಿ ಪ್ರಮಾಣಪತ್ರಕ್ಕೆ ಎರಡು ಭಾಗಗಳಿವೆ. ಒಂದನ್ನು ಸಾಧನದ ಹೊಣೆ ಹೊತ್ತವರು, ಇನ್ನೊಂದನ್ನು ತಜ್ಞರು ತುಂಬಬೇಕು, ಹ್ಯಾಶ್ ಮೌಲ್ಯವನ್ನೂ (ದಾಖಲೆ ಬದಲಾಗಿಲ್ಲವೆಂದು ತೋರಿಸುವ ಸಂಕೇತ) ಬರೆಯಬೇಕು. ಆದ್ದರಿಂದ ಗಂಭೀರ ಪ್ರಕರಣಗಳಲ್ಲಿ ತನಿಖಾಧಿಕಾರಿ 45ನೆಯ ದಿನವೇ ಕಡತದೊಂದಿಗೆ ಎಪಿಪಿಯ ಮುಂದೆ ಒಮ್ಮೆ ಕುಳಿತುಕೊಳ್ಳುವ ಏರ್ಪಾಡು ಮಾಡಿದೆವು. ಪಟ್ಟಿ ಸಲ್ಲಿಸಬೇಕೇ ಬೇಡವೇ ಎಂಬ ತೀರ್ಮಾನ ಮಾತ್ರ ತನಿಖಾಧಿಕಾರಿಯದೇ, 2000ದಲ್ಲಿ ಆರ್. ಸರಳಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಗೆರೆಯನ್ನು ಎಳೆದಿದೆ. ಕೆಲವು ಇನ್‌ಸ್ಪೆಕ್ಟರುಗಳು ‘ಎಪಿಪಿಯವರ ಸಲಹೆಯಂತೆ’ ಎಂದು ಪಟ್ಟಿಯಲ್ಲೇ ಬರೆದುಬಿಡುತ್ತಿದ್ದರು. ಎದುರು ವಕೀಲರಿಗೆ ಅದಕ್ಕಿಂತ ಸಿಹಿಯಾದ ಸಾಲು ಬೇಕೇ?

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ಮನೆ ಕಳ್ಳತನದ ಪ್ರಕರಣವೊಂದರಲ್ಲಿ ಮ್ಯಾಜಿಸ್ಟ್ರೇಟರು ಆರೋಪಿಯನ್ನು ಖುಲಾಸೆಗೊಳಿಸಿದರು. ಪ್ರಕರಣ ನಡೆಸಿದ ಎಪಿಪಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿದ್ದ ಯುವತಿ. ಜಪ್ತಿ ಪಂಚರಿಬ್ಬರೂ ಪ್ರತಿಕೂಲರಾಗಿದ್ದಾರೆ, ಆಭರಣ ಗುರುತಿಸಿದ ಪಿರ್ಯಾದಿಗೆ ಅದನ್ನು ಮೊದಲೇ ಠಾಣೆಯಲ್ಲಿ ತೋರಿಸಲಾಗಿದೆ, ಮೇಲ್ಮನವಿಗೆ ಯೋಗ್ಯವಲ್ಲ ಎಂದು ಮೂರು ಪುಟಗಳ ಅಭಿಪ್ರಾಯ ಬರೆದಿದ್ದರು. ಅದು ನನ್ನ ಮೇಜಿಗೆ ಬಂದ ದಿನ ಹಿರಿಯ ಪೊಲೀಸ್ ಅಧಿಕಾರಿಯೊಬ್ಬರ ಫೋನ್ ಬಂತು: ‘ತುಂಬಾ ಕಷ್ಟಪಟ್ಟು ಹಿಡಿದಿದ್ದ ಕೇಸು ಸರ್, ಸ್ವಲ್ಪ ನೋಡಿ.’ ನಾನು ನೋಡಿದೆ ಎಂದು ಹೇಳಿಕೊಳ್ಳಬಹುದಿತ್ತು, ಆದರೆ ನಾನು ನೋಡಲಿಲ್ಲ. ಆ ಮೂರು ಪುಟಗಳ ಕೆಳಗೆ ‘ಮೇಲ್ಮನವಿಗೆ ಯೋಗ್ಯ’ ಎಂದು ಎರಡೇ ಪದ ಬರೆದು ಸಹಿ ಹಾಕಿ ಜಿಲ್ಲಾಧಿಕಾರಿಗಳ ಕಚೇರಿಗೆ ಕಳುಹಿಸಿದೆ. ಒಂದೂವರೆ ವರ್ಷದ ನಂತರ ಸೆಷನ್ಸ್ ನ್ಯಾಯಾಲಯ ಮೇಲ್ಮನವಿಯನ್ನು ವಜಾಗೊಳಿಸಿತು, ಆಕೆ ಬರೆದಿದ್ದ ಅದೇ ಎರಡು ಕಾರಣಗಳಿಗಾಗಿ.

ವಜಾ ಆದದ್ದು ದೊಡ್ಡ ಹಾನಿಯಲ್ಲ. ಈ ನಡುವೆ ಆಕೆಯ ಅಭಿಪ್ರಾಯಗಳು ಮೂರು ಪುಟದಿಂದ ಒಂದು ಪ್ಯಾರಾಕ್ಕೆ ಇಳಿದಿದ್ದವು. ಪ್ರತಿಯೊಂದರ ಕೊನೆಯಲ್ಲೂ ‘ಮೇಲಧಿಕಾರಿಗಳ ಸೂಕ್ತ ನಿರ್ಧಾರಕ್ಕಾಗಿ ಸಲ್ಲಿಸಿದೆ’ ಎಂಬ ಒಂದೇ ಸಾಲು. ಕಡತದಲ್ಲಿ ಈ ಸಾಲು ಕಂಡಾಗ ಒಬ್ಬ ಅಭಿಯೋಜಕ ಯೋಚಿಸುವುದನ್ನು ನಿಲ್ಲಿಸಿದ್ದಾನೆಂದೇ ಅರ್ಥ. ತೀರ್ಪಿನ ನಕಲು ಬಂದ ದಿನ ಆಕೆಯನ್ನು ಕರೆದು, ‘ಮೇಡಂ, ನಿಮ್ಮ ಅಭಿಪ್ರಾಯದ ಮೇಲೆ ನಾನು ಹಾಗೆ ಬರೆದದ್ದು ತಪ್ಪಾಯಿತು’ ಎಂದೆ. ‘ತಪ್ಪು ಒಪ್ಪು ಇರಲಿ ಸರ್, ಕಾರಣ ಬರೆದಿದ್ದರೆ ನಾನೂ ಓದಿ ತಿಳಿದುಕೊಳ್ಳುತ್ತಿದ್ದೆ’ ಎಂದರು. ಅಂದಿನಿಂದ ಕೆಳಗಿನವರ ಅಭಿಪ್ರಾಯಕ್ಕೆ ನಾನು ಒಪ್ಪದಿದ್ದರೆ ಕಾರಣಗಳೊಂದಿಗೆ ಬೇರೆ ಹಾಳೆಯಲ್ಲಿ ಬರೆಯುವುದು, ಎರಡೂ ಹಾಳೆ ಒಟ್ಟಿಗೆ ಮೇಲೆ ಹೋಗುವುದು, ಒಂದು ನಕಲು ಎಪಿಪಿಗೆ ವಾಪಸ್ಸು ಬರುವುದು ರೂಢಿಯಾಯಿತು. ಪ್ರಕರಣ ಹಿಂಪಡೆಯುವ ಸರ್ಕಾರಿ ಆದೇಶಗಳು ಬಂದಾಗಲೂ ಇದನ್ನೇ ಪಾಲಿಸಿದೆವು. ಅರ್ಜಿ ಹಾಕಬೇಕಾದವರು ಅಭಿಯೋಜಕರೇ, ಅವರು ಕಡತ ಓದಿ ತಮ್ಮ ಮಾತಿನಲ್ಲೇ ಬರೆಯಬೇಕು. ಕೇರಳ ವಿಧಾನಸಭೆಯ ಗಲಾಟೆ ಪ್ರಕರಣವನ್ನು ಹಿಂಪಡೆಯಲು 2021ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಒಪ್ಪದಿದ್ದ ಮೇಲೆ ಈ ಮಾತನ್ನು ಮೇಲಿನವರಿಗೆ ಹೇಳುವುದು ನನಗೆ ಸ್ವಲ್ಪ ಸುಲಭವಾಯಿತು.

ಖುಲಾಸೆ ತೀರ್ಪುಗಳನ್ನು ಪೊಲೀಸ್ ಮತ್ತು ಅಭಿಯೋಜನೆಯ ಹಿರಿಯ ಅಧಿಕಾರಿಗಳು ಕುಳಿತು ಪರಿಶೀಲಿಸಬೇಕೆಂದು 2014ರ ಜನವರಿಯಲ್ಲಿ ಕಿಶನ್‌ಭಾಯ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ನಾನು ಕಂಡ ಸಭೆಗಳಲ್ಲಿ ಚೆಂಡು ಇವರಿಂದ ಅವರಿಗೆ, ಅವರಿಂದ ಇವರಿಗೆ ಹೋಗುತ್ತಿತ್ತು. ತೀರ್ಪಿನ ಒಂದು ಪ್ಯಾರಾವನ್ನು ಗಟ್ಟಿಯಾಗಿ ಓದಿ ಆಮೇಲೆ ಮಾತಾಡುವುದೆಂದು ಗೊತ್ತುಮಾಡಿದ ಮೇಲೆ ಸಭೆ ಚಿಕ್ಕದಾಯಿತು.

ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 20ನೆಯ ಕಲಂ ಜಿಲ್ಲಾ ನಿರ್ದೇಶನಾಲಯವನ್ನೂ ಹೆಸರಿಸಿ ಕೆಲಸ ಹಂಚಿದೆ: ಹತ್ತು ವರ್ಷ ಮತ್ತು ಅದಕ್ಕೂ ಮೇಲ್ಪಟ್ಟ ಶಿಕ್ಷೆಯ ಪ್ರಕರಣಗಳು ನಿರ್ದೇಶಕರ ನಿಗಾದಲ್ಲಿ, ಏಳರಿಂದ ಹತ್ತರೊಳಗಿನವು ಉಪ ನಿರ್ದೇಶಕರಲ್ಲಿ, ಏಳಕ್ಕಿಂತ ಕಡಿಮೆಯವು ಸಹಾಯಕ ನಿರ್ದೇಶಕರಲ್ಲಿ. ಕಾಗದದ ಮೇಲೆ ಚೊಕ್ಕ ವಿಂಗಡಣೆ. ಆದರೆ ಕೊಲೆ ಪ್ರಕರಣದ ಸಾಕ್ಷಿಗೂ ಕುರಿ ಕಳವಿನ ಸಾಕ್ಷಿಗೂ ಸಮನ್ಸ್ ಮುಟ್ಟಿಸುವವನು ಅದೇ ಠಾಣೆಯ ಅದೇ ಪೇದೆ, ಆದ್ದರಿಂದ ಪುಸ್ತಕದಲ್ಲಿ ನಾನು ಶಿಕ್ಷೆಯ ಪ್ರಮಾಣದ ಅಂಕಣ ಸೇರಿಸಲಿಲ್ಲ.

2025ರಲ್ಲಿ ನಿವೃತ್ತಿಯ ದಿನ ಪ್ರಭಾರ ವಹಿಸಿಕೊಡುವಾಗ ಪೀಠೋಪಕರಣ, ಕಾನೂನು ಪುಸ್ತಕ, ಕಂಪ್ಯೂಟರುಗಳ ಪಟ್ಟಿಯ ಜೊತೆಗೆ ಒಂದು ಪ್ರತ್ಯೇಕ ಹಾಳೆಯನ್ನೂ ಕೊಟ್ಟೆ. ಅದರಲ್ಲಿ ಮೇಲ್ಮನವಿಯ 90 ದಿನಗಳ ಅವಧಿ ಮುಗಿಯುತ್ತಾ ಬಂದಿದ್ದ ಆರು ಕಡತಗಳ ವಿವರವಿತ್ತು. ಮೊದಲನೆಯದಕ್ಕೆ ಉಳಿದಿದ್ದುದು ಹನ್ನೊಂದು ದಿನ. ನನ್ನ ನಂತರ ಬಂದವರು ಪೀಠೋಪಕರಣದ ಪಟ್ಟಿಗೆ ಸಹಿ ಹಾಕುವ ಮೊದಲು ಆ ಕಡತವನ್ನು ತರಿಸಿ ಓದಲು ಕುಳಿತರು.