ಕಾರ್ಡ್ ಕತ್ತರಿಸದೆ ಸಾಲದಿಂದ ಹೊರಗೆ ಉಳಿದ ಬಗೆ

ಬಾಕಿ ತೀರಿದ ಕೂಡಲೇ ಕ್ರೆಡಿಟ್ ಕಾರ್ಡ್ ಕತ್ತರಿಸಿ ಬಿಸಾಕು ಅಂತಲೇ ಎಲ್ಲರೂ ಹೇಳಿದ್ದು. ನಾನು ಒಂದನ್ನು ಇಟ್ಟುಕೊಂಡೆ. ವರ್ಷ ತುಂಬುವುದರೊಳಗೆ ಮತ್ತೆ ಮಿನಿಮಮ್ ಡ್ಯೂ (ಬಿಲ್ಲಿನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಮಾತ್ರ ಕಟ್ಟುತ್ತಿರುತ್ತೀಯ ಅಂದವರೇ ಹೆಚ್ಚು. ಎರಡು ವರ್ಷ ದಾಟಿತು, ಬಡ್ಡಿಗೆ ಅಂತ ಒಂದು ರೂಪಾಯಿ ಹೋಗಿಲ್ಲ. 690ರ ಆಸುಪಾಸಿನಲ್ಲಿದ್ದ ಸಿಬಿಲ್ ಸ್ಕೋರ್, ಅಂದರೆ ಸಾಲ ತೀರಿಸುವ ನಡತೆಗೆ ಸಿಗುವ ಅಂಕ, 770 ದಾಟಿದೆ.

ಪೂರ್ತಿ ಕಟ್ಟಿದ ಮುಂದಿನ ತಿಂಗಳೂ ಒಂದು ಬಿಲ್ ಬರುತ್ತದೆ, ಅಲ್ಲೇ ಬಹಳ ಜನ ಎಡವುವುದು. ಸ್ಟೇಟ್‌ಮೆಂಟ್ ದಿನದಿಂದ ನೀವು ಕಟ್ಟಿದ ದಿನದವರೆಗಿನ ಬಡ್ಡಿ ಅದು. 40,000 ಬಾಕಿ, ತಿಂಗಳಿಗೆ ಶೇ 3.5, 18 ದಿನ ಅಂದರೆ 840. ಶೇ 18 ಜಿಎಸ್‌ಟಿ ಸೇರಿ ಹೆಚ್ಚುಕಡಿಮೆ 990 ರೂಪಾಯಿ. ಸಾಲ ಮುಗಿದಿದೆಯಲ್ಲ ಅಂತ ಆ್ಯಪ್ ತೆರೆಯದೆ ಬಿಟ್ಟರೆ ಅದರ ಮೇಲೆ ತಡವಾದದ್ದಕ್ಕೆ ಶುಲ್ಕ, ಆಮೇಲೆ ಸ್ಕೋರಿಗೂ ಪೆಟ್ಟು. ಎರಡು ಸ್ಟೇಟ್‌ಮೆಂಟ್ ಸಾಲಾಗಿ ಸೊನ್ನೆ ಬರುವವರೆಗೆ ಏನನ್ನೂ ಕೊಳ್ಳದೆ ಕಾಯಬೇಕು. ಬಾಕಿ ಉಳಿದಿರುವಾಗ ಹೊಸ ಖರೀದಿಗೆ ಬಡ್ಡಿರಹಿತ ಅವಧಿಯೇ ಇರುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ.

ಆಮೇಲೆ ಕಾರ್ಡಿನ ಲಿಮಿಟ್ 2 ಲಕ್ಷದಿಂದ 40,000ಕ್ಕೆ ಇಳಿಸಿಕೊಂಡೆ. ಸ್ಕೋರ್ ಬೀಳುತ್ತದೆ ಅಂತ ಹೆದರಿಸಿದವರಿದ್ದರು. ಬಳಕೆ ಲಿಮಿಟ್ಟಿನ ಶೇ 30ರೊಳಗೆ, ಅಂದರೆ 12,000ದ ಕೆಳಗೆ ಇದ್ದರೆ ಆ ಭಯ ಬೇಡ. ಈ ಕಾರ್ಡಿಗೆ ಕರೆಂಟ್ ಬಿಲ್ ಮತ್ತು ಬ್ರಾಡ್‌ಬ್ಯಾಂಡ್ ಎರಡೇ. ಅಂತಾರಾಷ್ಟ್ರೀಯ ವಹಿವಾಟು, ನಗದು, ಟ್ಯಾಪ್ ಮಾಡಿ ಪಾವತಿಸುವುದು ಎಲ್ಲ ಆ್ಯಪ್‌ನಲ್ಲೇ ಆಫ್. ಆಟೋ ಪೇಯಲ್ಲಿ 'ಮಿನಿಮಮ್' ಅಲ್ಲ, 'ಟೋಟಲ್ ಅಮೌಂಟ್ ಡ್ಯೂ' ಇದೆಯೇ ಅಂತ ಎರಡು ಸಲ ನೋಡಿ. ಮ್ಯಾಂಡೇಟ್ (ಖಾತೆಯಿಂದ ತಾನಾಗಿ ಹಣ ತೆಗೆಯಲು ಕೊಡುವ ಒಪ್ಪಿಗೆ) ಸಾಮಾನ್ಯವಾಗಿ ಮುಂದಿನ ಬಿಲ್ಲಿನಿಂದ ಜಾರಿ, ಮೊದಲ ತಿಂಗಳದ್ದು ಕೈಯಿಂದಲೇ ಕಟ್ಟಬೇಕು. ಗಡುವಿನ ಹಿಂದಿನ ದಿನ ಕೈಯಿಂದ ಕಟ್ಟಿದರೆ ಆಟೋ ಪೇ ಇನ್ನೊಮ್ಮೆ ಎಳೆದುಕೊಳ್ಳುವುದೂ ಉಂಟು. ಸಂಬಳ 1ಕ್ಕೆ ಬಂದರೆ ಸ್ಟೇಟ್‌ಮೆಂಟ್ 15ರ ಹೊತ್ತಿಗೆ ಬೀಳಲಿ, ಗಡುವು 5ರ ಆಸುಪಾಸಿಗೆ ಕೂರುತ್ತದೆ. ಬಿಲ್ಲಿಂಗ್ ಸೈಕಲ್ ಬದಲಿಸಿಕೊಳ್ಳುವ ಹಕ್ಕನ್ನು ಆರ್‌ಬಿಐ 2022ರ ನಿರ್ದೇಶನದಲ್ಲೇ ಕೊಟ್ಟಿತ್ತು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಕಂತಿನ ಹಣ. ತಿಂಗಳಿಗೆ ಸುಮಾರು 14,000 ಕಾರ್ಡಿಗೆ ಹೋಗುತ್ತಿತ್ತು; ಸಾಲ ತೀರಿದ ಮೇಲೂ ಅದೇ ದಿನ, ಅಷ್ಟೇ ಹಣ ಸಂಬಳದ ಖಾತೆಯಿಂದ ಹೊರಡಬೇಕು. ಜನ ಮತ್ತೆ ಸಾಲಕ್ಕೆ ಬೀಳುವುದು ಹೋಟೆಲ್ ಊಟದಿಂದಲ್ಲ, ವರ್ಷಕ್ಕೊಮ್ಮೆ ಬರುವ ಖರ್ಚಿನಿಂದ. ಜೂನ್‌ನ ಶಾಲಾ ಫೀಸು 45,000, ಎಲ್‌ಐಸಿ 18,000, ಬೈಕಿನ ವಿಮೆ-ಸರ್ವೀಸು 5,000, ಗೌರಿಹಬ್ಬದಿಂದ ದೀಪಾವಳಿವರೆಗಿನ ಬಟ್ಟೆಬರೆಗೆ 10,000: ಒಟ್ಟು 78,000. ಹನ್ನೆರಡರಿಂದ ಭಾಗಿಸಿದರೆ 6,500, ಅದಕ್ಕೇ ಒಂದು ಖಾತೆ. 6,000 ಆರ್‌ಡಿಗೆ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿಗೆ. ಮಿಕ್ಕ 1,500 ಮನಸ್ಸಿಗೆ ಬಂದಂತೆ ಖರ್ಚಿಗೆ. ಅದನ್ನೂ ಬಿಗಿಹಿಡಿದರೆ ಇಡೀ ಲೆಕ್ಕ ಮೂರು ತಿಂಗಳೂ ನಿಲ್ಲುವುದಿಲ್ಲ.

ಸಂಬಳದ ಬ್ಯಾಂಕಿನಲ್ಲೇ ಆರ್‌ಡಿ ಇಟ್ಟರೆ ಉಳಿಯುವುದಿಲ್ಲ. ಆ್ಯಪ್‌ನಲ್ಲಿ ಎರಡು ಸಲ ಒತ್ತಿದರೆ ಮುರಿಯುತ್ತದೆ, ಶೇ 1ರವರೆಗೆ ಬಡ್ಡಿಯೂ ಕಡಿತ. ಬೇರೆ ಬ್ಯಾಂಕಿಗೆ ಸಾಗಿಸಿ, ಆ ಖಾತೆಗೆ ಯುಪಿಐ ಜೋಡಿಸದೆ ಬಿಟ್ಟ ಮೇಲೆ ನಿಂತಿತು. ಕವರುಗಳಲ್ಲಿ ನಗದು ಹಾಕಿಡುವ ಪದ್ಧತಿ ಯುಪಿಐ ಮುಂದೆ ನಡೆಯಲಿಲ್ಲ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಸೇರಿಸಿಯೂ ನೋಡಿದ್ದಾಯಿತು: 20, 30 ರೂಪಾಯಿಯ ಖರ್ಚುಗಳೇ ತಿಂಗಳಿಗೆ ಮೂರೂವರೆ ಸಾವಿರ ಮುಟ್ಟಿದವು, ಕಿತ್ತುಹಾಕಿದೆ. ಚೀಟಿಯೂ ಒಂದು ದಾರಿ, ಆದರೆ 1982ರ ಚಿಟ್ ಫಂಡ್ಸ್ ಕಾಯ್ದೆಯಡಿ ನೋಂದಣಿಯಾದದ್ದು ಮಾತ್ರ, ಎಂಎಸ್‌ಐಎಲ್‌ನದ್ದಾದರೆ ರಾಜ್ಯ ಸರ್ಕಾರದ ಕಂಪನಿಯದ್ದೇ. ಶುರುವಿನಲ್ಲೇ ಕೂಗಿ ಚೀಟಿ ಎತ್ತಿದಿರೋ, ಉಳಿದ ಕಂತುಗಳು ಮತ್ತೆ ಸಾಲವೇ.

ಬೇರೆ ಕಾರ್ಡುಗಳನ್ನು ಮುಚ್ಚುವ ಮುನ್ನ ರಿವಾರ್ಡ್ ಪಾಯಿಂಟ್ ಬಳಸಿ, ಆ ಕಾರ್ಡಿನಲ್ಲಿರುವ ಇಎಂಐ, ಇ-ಮ್ಯಾಂಡೇಟ್ ತೆಗೆಸಿ. ತೀರಾ ಹಳೆಯ ಕಾರ್ಡನ್ನೇ ಉಳಿಸಿಕೊಳ್ಳಿ. ಬಾಕಿ ಇಲ್ಲದಿದ್ದರೆ, ಕೋರಿಕೆ ಕೊಟ್ಟ 7 ಕೆಲಸದ ದಿನಗಳೊಳಗೆ ಬ್ಯಾಂಕು ಮುಚ್ಚಲೇಬೇಕು. ತಪ್ಪಿದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ಕೋರಿಕೆಯನ್ನು ಇಮೇಲ್‌ನಲ್ಲೇ ಕಳಿಸಿ, ಫೋನಿನಲ್ಲಿ ಹೇಳಿದ್ದಕ್ಕೆ ನಿಮ್ಮ ಕೈಯಲ್ಲಿ ಪುರಾವೆ ಇರುವುದಿಲ್ಲ. 

ನಮ್ಮ ಸಾಲದ ದಾಖಲೆ ಇಡುವ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡುತ್ತವೆ. ಮೂರು ತಿಂಗಳಿಗೊಂದರಂತೆ ತೆಗೆಯಿರಿ, ಒಂದೇ ದಿನ ನಾಲ್ಕನ್ನೂ ಖಾಲಿ ಮಾಡಬೇಡಿ. ಮುಚ್ಚಿದ ಖಾತೆಯ ಎದುರು 'ಕ್ಲೋಸ್ಡ್' ಅಂತಿರಬೇಕು. ಪೂರ್ತಿ ಕಟ್ಟಿದ್ದರೂ 'ಸೆಟಲ್ಡ್' (ಕಡಿಮೆ ಹಣಕ್ಕೆ ರಾಜಿಯಾದದ್ದು) ಅಂತಿದ್ದರೆ ಬಾಕಿ ಇಲ್ಲವೆಂದು ಬ್ಯಾಂಕು ಕೊಡುವ ನೋ ಡ್ಯೂ ಪತ್ರ ಲಗತ್ತಿಸಿ ಆಕ್ಷೇಪಣೆ ಹಾಕಿ. 30 ದಿನದಲ್ಲಿ ಸರಿಪಡಿಸದಿದ್ದರೆ ಅಲ್ಲಿಂದಾಚೆಗೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮವಿದೆ. ಹಾಗಾಗಿ ಆಕ್ಷೇಪಣೆಯ ನಂಬರ್, ತಾರೀಖು ಎರಡನ್ನೂ ಬರೆದಿಟ್ಟುಕೊಳ್ಳಿ.